ಸಹಚರನ ವೇಷ: ಬಳಕೆಯಾಗದ ಕಲ್ಪನೆಗಳ ಒಂದು ವಿವೇಚನೆ

೧. ಪೀಠಿಕೆ

ನಾಯಕನ ವೇಷವನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಯಕ್ಷಗಾನದ ಕಿರೀಟ, ಮುಂಡಾಸು, ಕೇದಗೆ ಮುಂದಲೆಗಳ ವ್ಯತ್ಯಾಸ, ಬಣ್ಣದ ವೇಷದ ಮುಖವರ್ಣಿಕೆ ಮೊದಲಾದವು ವಿದ್ವಾಂಸರ ಗಮನ ಸೆಳೆದಿವೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ (೧೯೫೭) ಈ ಬಗೆಯ ಅಧ್ಯಯನಕ್ಕೆ ಭದ್ರವಾದ ಬುನಾದಿ ಹಾಕಿತು. ೧೯೫೯ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೂ ಸಂದಿತು. ಆದರೆ ನಾಯಕನ ಪಕ್ಕದಲ್ಲಿ ನಿಲ್ಲುವ ಸಖ, ಸಾರಥಿ, ವಿದೂಷಕ, ದೂತ ಇವರ ವೇಷವನ್ನು ಪ್ರತ್ಯೇಕವಾಗಿ ಪರಿಶೀಲಿಸಿದ್ದು ಕಡಿಮೆ.

ಪ್ರಸ್ತುತ ಲೇಖನದಲ್ಲಿ ಈ ಸಹಚರನ ವೇಷವನ್ನು, ಅದರಲ್ಲಿಯೂ ಅವನಿಗಾಗಿ ಕಲ್ಪಿಸಬಹುದಾಗಿದ್ದೂ ಬಳಕೆಗೆ ಬಾರದೆ ಉಳಿದ ವೇಷಗಳನ್ನು ವಿವೇಚಿಸಲಾಗಿದೆ. ‘ಬಳಕೆಯಾಗದ ವೇಷ’ ಎಂಬ ಮಾತನ್ನು ಇಲ್ಲಿ ಎರಡು ಅರ್ಥಗಳಲ್ಲಿ ಬಳಸಿದೆ. ಚಿತ್ರ ಬರೆದು, ಅಳತೆ ತೆಗೆದು, ಕೊನೆಗೆ ರಂಗಕ್ಕೋ ತೆರೆಗೋ ಬಾರದೆ ಹೋದದ್ದು ಒಂದು. ಪಠ್ಯವು ಅವಕಾಶ ಕೊಟ್ಟಿದ್ದರೂ ಪ್ರಯೋಗವು ಕೈಗೆತ್ತಿಕೊಳ್ಳದೆ ಬಿಟ್ಟದ್ದು ಇನ್ನೊಂದು. ಥಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಯ ಕನ್ನಡ ಹವ್ಯಾಸಿ ರಂಗವನ್ನು ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡುವುದು ಲೇಖನದ ಉದ್ದೇಶ.

೨. ಶಾಸ್ತ್ರ ಮತ್ತು ಕಾವ್ಯ

ಭರತನು ಆಹಾರ್ಯವನ್ನು ಪುಸ್ತ, ಅಲಂಕಾರ, ಅಂಗರಚನೆ, ಸಂಜೀವ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ. ನಾಯಕನ ಸಹಚರನಾದ ವಿದೂಷಕನಿಗೆ ಅವನು ಕೊಡುವ ರೂಪ ಕುತೂಹಲಕರವಾದುದು. ವಿದೂಷಕನು ಕುಳ್ಳ, ಉಬ್ಬುಹಲ್ಲಿನವನು, ಗೂನುಬೆನ್ನಿನವನು, ಬೋಳುತಲೆಯವನು, ಕೆಂಗಂದು ಕಣ್ಣಿನವನು. ಇಲ್ಲಿ ಬಟ್ಟೆಗಿಂತ ದೇಹಕ್ಕೆ ಪ್ರಾಧಾನ್ಯ. ನಾಯಕನ ಅಲಂಕಾರವನ್ನು ವಿವರಿಸುವ ಶಾಸ್ತ್ರವು ಸಹಚರನ ದೇಹವನ್ನೇ ವೇಷವಾಗಿಸುತ್ತದೆ.

ಕನ್ನಡ ಕಾವ್ಯವು ಈ ಪಾತ್ರವನ್ನು ಬೇಗನೆ ತನ್ನದಾಗಿಸಿಕೊಂಡಿತು. ರನ್ನನ ‘ಸಾಹಸಭೀಮವಿಜಯ’ದಲ್ಲಿ ಭೀಮನ ಜೊತೆಗೆ ವಿದೂಷಕನಿದ್ದಾನೆ. ಕಾವ್ಯದ ನಾಟಕೀಯತೆಗೆ ಅವನೂ ಒಂದು ಆಧಾರ. ಬಿ. ಎಂ. ಶ್ರೀ. ಅವರು ಆ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ರಂಗಕ್ಕೆ ಹೊಂದಿಸಲು ಸಾಧ್ಯವಾದುದಕ್ಕೆ ಇಂತಹ ಪಾತ್ರಗಳ ಸಂಭಾಷಣಾಗುಣವೂ ಕಾರಣ. ಸಹಚರನಿಗೆ ಕವಿ ಮಾತನ್ನು ಧಾರಾಳವಾಗಿ ಕೊಡುತ್ತಾನೆ, ಉಡುಗೆಯ ವಿಷಯದಲ್ಲಿ ಮಾತ್ರ ಕೈ ಹಿಡಿಯುತ್ತಾನೆ. ಈ ಮೌನವೇ ವೇಷಕಲ್ಪನೆಗೆ ಎಡೆಮಾಡಿಕೊಡುತ್ತದೆ.

೩. ಚಲನಚಿತ್ರದ ಒಂದು ಉದಾಹರಣೆ

ಬಳಕೆಯಾಗದ ವೇಷಕ್ಕೆ ದಾಖಲೆಯಿರುವ ಉದಾಹರಣೆಯೊಂದು ಅಮೆರಿಕದ ಚಿತ್ರೋದ್ಯಮದಲ್ಲಿದೆ. ಬ್ಯಾಟ್‌ಮ್ಯಾನ್ ಎಂಬ ಅತಿಮಾನುಷ ವೀರನ ಕಿರಿಯ ಸಹಚರ ರಾಬಿನ್ ೧೯೪೦ರಲ್ಲಿ ಚಿತ್ರಕಥಾ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡ. ನಾಯಕನದು ಕಪ್ಪು, ಬೂದು ಬಣ್ಣಗಳ ಉಡುಪು. ಸಹಚರನದು ಕೆಂಪು ಅಂಗಿ, ಹಸಿರು ಚಡ್ಡಿ, ಹಳದಿ ಮೇಲುವಸ್ತ್ರ. ಕತ್ತಲೆಯ ಪಕ್ಕದಲ್ಲಿ ಹಗಲನ್ನು ನಿಲ್ಲಿಸಿದಂತಿದ್ದ ಈ ವಿರೋಧವೇ ಆ ವೇಷದ ತರ್ಕ.

ಟಿಮ್ ಬರ್ಟನ್ ನಿರ್ದೇಶಿಸಿದ ‘ಬ್ಯಾಟ್‌ಮ್ಯಾನ್’ (೧೯೮೯) ಚಿತ್ರದ ಸಿದ್ಧತೆಯ ಹಂತದಲ್ಲಿ ರಾಬಿನ್‌ನ ಪ್ರವೇಶವನ್ನು ಯೋಜಿಸಿ ಕೈಬಿಡಲಾಯಿತು. ‘ಬ್ಯಾಟ್‌ಮ್ಯಾನ್ ರಿಟರ್ನ್ಸ್’ (೧೯೯೨) ಚಿತ್ರಕ್ಕೆ ಮಾರ್ಲನ್ ವೇಯನ್ಸ್ ಎಂಬ ನಟನನ್ನು ಗೊತ್ತುಮಾಡಿ, ಉಡುಪಿನ ಅಳತೆಯವರೆಗೂ ಹೋಗಿ, ಮತ್ತೆ ಪಾತ್ರವನ್ನೇ ತೆಗೆದುಹಾಕಿದರು. ೧೯೯೫ರ ‘ಬ್ಯಾಟ್‌ಮ್ಯಾನ್ ಫಾರೆವರ್’ನಲ್ಲಿ ಕ್ರಿಸ್ ಒ’ಡಾನೆಲ್ ಆ ಪಾತ್ರ ವಹಿಸಿದಾಗ ವೇಷವು ನಾಯಕನ ಅಚ್ಚಿನ ರಬ್ಬರ್ ಕವಚಕ್ಕೆ ಸಮೀಪಿಸಿತ್ತು. ೨೦೧೨ರ ‘ದಿ ಡಾರ್ಕ್ ನೈಟ್ ರೈಸಸ್’ ಚಿತ್ರದ ಕೊನೆಗೆ ರಾಬಿನ್ ಎಂಬ ಹೆಸರು ಮಾತ್ರ ಉಳಿಯಿತು, ವೇಷವೇ ಇಲ್ಲ. ನಾಯಕನನ್ನು ಏಕಾಕಿಯಾಗಿ ತೋರಿಸಬೇಕೆಂಬ ಹಂಬಲ ಬಲವಾದಷ್ಟೂ ಸಹಚರನ ಬಣ್ಣ ಮಾಸುತ್ತದೆ ಎಂಬುದು ಈ ಇತಿಹಾಸದಿಂದ ತಿಳಿಯುತ್ತದೆ.

ಕನ್ನಡ ಚಿತ್ರರಂಗದ ದಾರಿ ಬೇರೆಯಾಗಿತ್ತು. ‘ಬೇಡರ ಕಣ್ಣಪ್ಪ’ (೧೯೫೪) ಚಿತ್ರದಲ್ಲಿ ರಾಜಕುಮಾರ್ ಮತ್ತು ನರಸಿಂಹರಾಜು ಇಬ್ಬರೂ ಬೆಳಕಿಗೆ ಬಂದರು. ಪೌರಾಣಿಕದಿಂದ ‘ಜೇಡರ ಬಲೆ’ಯಂತಹ (೧೯೬೮) ಪತ್ತೇದಾರಿ ಚಿತ್ರದವರೆಗೆ ನಾಯಕನ ಉಡುಪು ಬದಲಾದರೂ ಅವನ ಜೊತೆಗೆ ಹಾಸ್ಯನಟನಿಗೊಂದು ಸ್ಥಾನ ತಪ್ಪಲಿಲ್ಲ. ವೃತ್ತಿರಂಗಭೂಮಿಯಿಂದ ಬಂದ ನಟರಿಗೆ ಜೊತೆಗಾರನಿಲ್ಲದ ನಾಯಕನ ಕಲ್ಪನೆ ಸಹಜವಾಗಿರಲಿಲ್ಲ.

೪. ನೆರೆಯ ರಂಗಪರಂಪರೆ

ಥಾಣೆ ಪರಿಸರದ ಕನ್ನಡಿಗರಿಗೆ ಮರಾಠಿ ರಂಗವು ನಿತ್ಯದ ನೆರೆ. ತಮಾಷಾದ ಗವಳಣ ಭಾಗದಲ್ಲಿ ಕೃಷ್ಣನ ಜೊತೆಗೆ ಪೆಂದ್ಯಾ ಎಂಬ ಕುಂಟ ಗೋವಳ ಬರುತ್ತಾನೆ. ಸೋಂಗಾಡ್ಯಾ ಎನಿಸಿದ ಹಾಸ್ಯಗಾರನಿಗೆ ಇಂತಹ ಪಾತ್ರಗಳು ಮೀಸಲು. ನಮ್ಮ ಯಕ್ಷಗಾನದ ಕೃಷ್ಣಕಥೆಗಳಲ್ಲಿ ಆ ಸ್ಥಾನ ಮಕರಂದನದು. ಇಬ್ಬರಲ್ಲಿಯೂ ದೇವರ ಪಕ್ಕದಲ್ಲಿ ಊರಿನವನೊಬ್ಬ ನಿಂತಿದ್ದಾನೆ. ಕೃಷ್ಣನು ಕಿರೀಟ ಆಭರಣಗಳಿಂದ ಅಲೌಕಿಕನಾದರೆ, ಅವನ ಗೆಳೆಯ ಪ್ರೇಕ್ಷಕನ ಮನೆಯಂಗಳದಿಂದ ಎದ್ದು ಬಂದವನಂತೆ ಉಟ್ಟಿರುತ್ತಾನೆ. ಯಕ್ಷಗಾನದ ಹಾಸ್ಯಗಾರನಿಗೆ ತೂಕದ ಆಭರಣಗಳಿಲ್ಲ. ಒಂದೇ ರಾತ್ರಿಯಲ್ಲಿ ದೂತ, ಬ್ರಾಹ್ಮಣ, ಸಖ ಎಲ್ಲವೂ ಆಗಬೇಕಾದವನಿಗೆ ಅದು ಅನುಕೂಲವೂ ಹೌದು. ಉತ್ತರ ಕರ್ನಾಟಕದ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಭಾಗವತನೇ ಸಖಿಯ ಮಾತನ್ನು ಆಡಿಬಿಡುವ ಪದ್ಧತಿ ಇದರ ಇನ್ನೊಂದು ತುದಿ. ಅಲ್ಲಿ ವೇಷವಿಲ್ಲದಿರುವುದೇ ಸಹಚರನ ವೇಷ.

೫. ಉತ್ತರಕುಮಾರನಿಗೆ ಮೂರು ವೇಷಗಳು

ಈ ಹಿನ್ನೆಲೆಯಲ್ಲಿ ವಿರಾಟಪರ್ವದ ಉತ್ತರಕುಮಾರನನ್ನು ಪರಿಶೀಲನೆಗೆ ಆರಿಸಿಕೊಳ್ಳಬಹುದು. ನಾಯಕ ಮತ್ತು ಸಹಚರರ ಸ್ಥಾನ ನಡುದಾರಿಯಲ್ಲಿಯೇ ಅದಲುಬದಲಾಗುವ ಅಪೂರ್ವ ಸನ್ನಿವೇಶ ಅದು. ಹೊರಡುವಾಗ ಉತ್ತರ ವೀರ, ಬೃಹನ್ನಳೆ ಸಾರಥಿ. ಶಮೀವೃಕ್ಷದ ಬಳಿಯಿಂದ ಮುಂದಕ್ಕೆ ಬೃಹನ್ನಳೆಯೇ ಅರ್ಜುನ, ಉತ್ತರನೇ ಸಾರಥಿ. ಪ್ರಚಲಿತ ಪ್ರಯೋಗಗಳಲ್ಲಿ ಬೃಹನ್ನಳೆಯ ಸ್ತ್ರೀವೇಷ ನಿಷ್ಕ್ರಮಿಸಿ ಅರ್ಜುನನ ವೇಷ ಬೇರೆಯಾಗಿ ಬರುವುದು ರೂಢಿ. ಉತ್ತರನ ವೇಷವು ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ. ಅಂದರೆ ಪಾತ್ರ ಬದಲಾದರೂ ಆಹಾರ್ಯ ಬದಲಾಗುವುದಿಲ್ಲ. ಈ ಎಡೆಯಲ್ಲಿ ಮೂರು ವೇಷಗಳನ್ನು ಕಲ್ಪಿಸಬಹುದು.

ಮೊದಲನೆಯದು ಪಡಿಯಚ್ಚಿನ ವೇಷ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯ ಉತ್ತರನಿಗೆ ತಾನೇ ಅರ್ಜುನನೆಂಬ ಭ್ರಮೆ. ಆದ್ದರಿಂದ ಅವನಿಗೆ ಕೇದಗೆ ಮುಂದಲೆ, ಭುಜಕೀರ್ತಿ, ಎದೆಕಟ್ಟು ಎಲ್ಲವನ್ನೂ ಕೊಟ್ಟು, ಒಂದೊಂದನ್ನೂ ಒಂದು ಗೇಣು ಹೆಚ್ಚು ಮಾಡುವುದು. ಓಡುವಾಗ ಆ ಭಾರವೇ ಅವನನ್ನು ತೊಡರಿಸಬೇಕು. ಇದರ ಗುಣವೆಂದರೆ ಹಾಸ್ಯವು ಮಾತಿಗೆ ಮುನ್ನವೇ ಕಾಣಿಸಿಕೊಳ್ಳುವುದು. ಆದರೆ ಮುಂದೆ ಅರ್ಜುನನ ನಿಜವೇಷ ಬಂದು ನಿಂತಾಗ ಇಬ್ಬರ ಆಕಾರವೂ ಒಂದೇ ಬಗೆಯದಾಗಿ ಹಿಂದಿನ ಸಾಲಿನ ಪ್ರೇಕ್ಷಕನಿಗೆ ಭೇದ ಅಳಿಯುತ್ತದೆ. ೧೯೯೫ರ ರಾಬಿನ್‌ನ ಕವಚಕ್ಕೆ ಒದಗಿದ ತೊಡಕೂ ಇದೇ.

ಎರಡನೆಯದು ಕಳಚುವ ವೇಷ. ಶಮೀವೃಕ್ಷದ ಮುಂದೆ ಉತ್ತರನು ತನ್ನ ಭುಜಕೀರ್ತಿಯನ್ನೂ ಸೊಂಟದ ಡಾಬನ್ನೂ ತೆಗೆದಿಟ್ಟು, ದಗಲೆ ಮತ್ತು ಕಸೆಸೀರೆಯಷ್ಟೇ ಉಳಿದು, ತಲೆಗೊಂದು ಸಾದಾ ವಸ್ತ್ರ ಸುತ್ತಿ ಸಾರಥಿಯಾಗುವುದು. ಇದಕ್ಕೆ ವ್ಯಾವಹಾರಿಕ ಅಡ್ಡಿಯೊಂದಿದೆ. ಯಕ್ಷಗಾನದ ಆಭರಣಗಳನ್ನು ಚೌಕಿಯಲ್ಲಿ ಹುರಿಯಿಂದ ಬಿಗಿದು ಕಟ್ಟುತ್ತಾರೆ. ಅವನ್ನು ರಂಗದ ಮೇಲೆ ಬಿಚ್ಚುವುದು ಸುಲಭವಲ್ಲ. ಆದ್ದರಿಂದ ಕಳಚಬೇಕಾದ ಎರಡು ಒಡವೆಗಳನ್ನಷ್ಟೇ ಕೊಕ್ಕೆಗೆ ಸಿಕ್ಕಿಸುವಂತೆ ಮಾಡಿಸಬೇಕಾಗುತ್ತದೆ. ಹೀಗೆ ಮಾಡಿದಲ್ಲಿ ಬಡಾಯಿಯಿಂದ ಅರಿವಿಗೆ ಸಾಗುವ ಪಾತ್ರದ ಬೆಳವಣಿಗೆ ಒಂದು ಪದ್ಯದ ಅವಧಿಯಲ್ಲಿ ಕಣ್ಣಿಗೆ ಕಟ್ಟುತ್ತದೆ. ವೇಷ ಕಡಿಮೆಯಾದಷ್ಟೂ ಪಾತ್ರ ದೊಡ್ಡದಾಗುವುದು ಇಲ್ಲಿನ ವಿಶೇಷ.

ಮೂರನೆಯದು ಮರಳಿ ಬರುವ ವೇಷ. ಇದಕ್ಕೆ ವ್ಯಾಸಭಾರತದಲ್ಲಿಯೇ ಆಧಾರವಿದೆ. ಯುದ್ಧಕ್ಕೆ ಹೊರಟಾಗ ಉತ್ತರೆಯು ತನ್ನ ಗೊಂಬೆಗಳಿಗೆ ಕೌರವವೀರರ ಬಣ್ಣಬಣ್ಣದ ವಸ್ತ್ರಗಳನ್ನು ತರಲು ಹೇಳುತ್ತಾಳೆ. ಅರ್ಜುನನ ಸಮ್ಮೋಹನಾಸ್ತ್ರದಿಂದ ಸೇನೆ ಮೈಮರೆತಾಗ ಉತ್ತರನು ರಥದಿಂದಿಳಿದು ದ್ರೋಣ ಕೃಪರ ಬಿಳಿಯ, ಕರ್ಣನ ಹಳದಿಯ, ಅಶ್ವತ್ಥಾಮ ದುರ್ಯೋಧನರ ನೀಲಿಯ ವಸ್ತ್ರಗಳನ್ನು ತೆಗೆದುಕೊಳ್ಳುತ್ತಾನೆ. ಈ ಮೂರು ಬಣ್ಣಗಳನ್ನು ಹೆಗಲಿಗೇರಿಸಿಕೊಂಡು ವಿರಾಟನ ಸಭೆಗೆ ಬರುವ ಉತ್ತರನ ವೇಷಕ್ಕೆ ಖರ್ಚೂ ಇಲ್ಲ, ಕಾಲವ್ಯಯವೂ ಇಲ್ಲ. ಅರ್ಥವೋ ಶ್ರೀಮಂತವಾದುದು. ತಂದೆ ತನ್ನನ್ನೇ ವಿಜಯಿಯೆಂದು ಹೊಗಳುವಾಗ, ಗೆದ್ದವನು ತಾನಲ್ಲ, ದೇವಪುತ್ರನೊಬ್ಬನೆಂದು ಉತ್ತರ ಹೇಳುತ್ತಾನೆ. ವೀರರ ವಸ್ತ್ರ ಹೊತ್ತೂ ವೀರನೆಂದು ಹೇಳಿಕೊಳ್ಳದ ಸಹಚರನ ಘನತೆ ಇಲ್ಲಿ ವೇಷದಿಂದಲೇ ಮೂಡುತ್ತದೆ.

ಮೂರನ್ನೂ ಕೂಡಿಸಿ ನೋಡಿದರೆ ಇವು ಬೇರೆ ಬೇರೆ ವೇಷಗಳಲ್ಲ, ಒಂದೇ ಪಾತ್ರದ ಮೂರು ಘಟ್ಟಗಳು ಎಂಬುದು ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ ಎರವಲು ವೀರತ್ವ, ಎರಡನೆಯದರಲ್ಲಿ ಅದರ ತ್ಯಾಗ, ಮೂರನೆಯದರಲ್ಲಿ ಗಳಿಸಿಕೊಂಡ ವಿನಯ.

೬. ಈ ಪರಿಸರದಲ್ಲಿ ಪ್ರಶ್ನೆಯ ಮಹತ್ವ

ಇದು ಕೇವಲ ಕಲ್ಪನಾವಿಲಾಸವೆಂದು ತೋರಬಹುದು. ಆದರೆ ಮುಂಬಯಿಯ ಹೊರವಲಯದ ಕನ್ನಡ ರಂಗಕ್ಕೆ ಇದು ಅಸ್ತಿತ್ವದ ಪ್ರಶ್ನೆ. ಪತ್ತನಾಜೆಯ ಬಳಿಕ ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಕಲಾವಿದರ ತಂಡಗಳು ಮುಂಬಯಿ ಪ್ರವಾಸಕ್ಕೆ ಬರುತ್ತವೆ; ಉಳಿದ ದಿನಗಳಲ್ಲಿ ಇಲ್ಲಿನ ಹವ್ಯಾಸಿಗಳೇ ಆಧಾರ. ಬಯಲಿನಲ್ಲಿ ಬೆಳಗಾಗುವವರೆಗೆ ನಡೆಯುತ್ತಿದ್ದ ಆಟವು ಇಲ್ಲಿ ಬಾಡಿಗೆಯ ಸಭಾಂಗಣದ ಮೂರು ಗಂಟೆಗಳಿಗೆ ಇಳಿದಿದೆ. ಪ್ರೇಕ್ಷಕರಿಗೂ ಕಲ್ಯಾಣ ಅಥವಾ ಪನವೇಲಿನ ಕಡೆಯ ಲೋಕಲ್ ಗಾಡಿಯ ಹೊತ್ತು ನೋಡಿಕೊಳ್ಳಬೇಕಾದ ಅನಿವಾರ್ಯತೆ. ಪ್ರಸಂಗವನ್ನು ಮೊಟಕುಗೊಳಿಸುವಾಗ ಕತ್ತರಿ ಮೊದಲು ಬೀಳುವುದು ಸಹಚರನ ಸನ್ನಿವೇಶಗಳಿಗೆ. ಬಾಡಿಗೆಗೆ ಬರುವ ವೇಷಭೂಷಣದ ಪೆಟ್ಟಿಗೆಯಲ್ಲಿಯೂ ಕಿರೀಟಗಳಿಗೆ ಮೊದಲ ಸ್ಥಾನ.

ಯಕ್ಷಗಾನದ ಶಿಕ್ಷಣಕ್ರಮವನ್ನು ಇಲ್ಲಿ ನೆನೆಯಬೇಕು. ಪೂರ್ವರಂಗದಲ್ಲಿ ಕೋಡಂಗಿ, ಅನಂತರ ಬಾಲಗೋಪಾಲ ಎಂದು ಕಿರಿಯರು ಮೆಟ್ಟಿಲು ಮೆಟ್ಟಿಲಾಗಿ ರಂಗಕ್ಕೆ ಬಂದರು. ಸಣ್ಣ ವೇಷಗಳೇ ಅವರ ಪಾಠಶಾಲೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತ, ಓಣಿಯಲ್ಲಿ ಮರಾಠಿ ಹಿಂದಿಗಳನ್ನಾಡುತ್ತ ಬೆಳೆಯುವ ಇಲ್ಲಿನ ಮಕ್ಕಳಿಗೆ ಕನ್ನಡದ ಪೂರ್ಣವಾಕ್ಯವನ್ನು ಸಭೆಯ ಮುಂದೆ ಆಡುವ ಅವಕಾಶ ಒದಗುವುದು ಸಖನಾಗಿ, ದೂತನಾಗಿ, ಸಾರಥಿಯಾಗಿ. ಆ ಪಾತ್ರಗಳನ್ನು ಕಳೆದುಕೊಂಡರೆ ಭಾಷೆಯ ಒಂದು ಬಾಗಿಲೇ ಮುಚ್ಚುತ್ತದೆ. ಸಹಚರನಿಗೆ ತನ್ನದೇ ಆದ, ಅರ್ಥಪೂರ್ಣವಾದ, ಕಡಿಮೆ ವೆಚ್ಚದ ವೇಷವೊಂದನ್ನು ಕಲ್ಪಿಸಿಕೊಟ್ಟರೆ ಆ ಪಾತ್ರವನ್ನು ಕತ್ತರಿಸಲು ಸಂಪಾದಕನ ಕೈ ಹಿಂಜರಿಯುತ್ತದೆ. ಅದನ್ನು ಧರಿಸಲು ಮಗುವಿನ ಮನಸ್ಸೂ ಮುಂದಾಗುತ್ತದೆ.

೭. ಉಪಸಂಹಾರ

ಬಳಕೆಯಾಗದ ವೇಷವು ವ್ಯರ್ಥವಾದ ವೇಷವಲ್ಲ. ಪಠ್ಯವನ್ನು ಇನ್ನೊಮ್ಮೆ ಓದಲು ಅದು ಒಂದು ಉಪಕರಣ. ಕವಿ ಹೇಳದೆ ಬಿಟ್ಟದ್ದೇನು, ರಂಗರೂಢಿ ಮುಚ್ಚಿಟ್ಟದ್ದೇನು ಎಂಬುದನ್ನು ಅದು ತೋರಿಸುತ್ತದೆ. ವಿದ್ಯಾರ್ಥಿಗಳು ರನ್ನನ ವಿದೂಷಕನಿಗೋ, ಕೃಷ್ಣಕಥೆಯ ಮಕರಂದನಿಗೋ ಇಂತಹ ವೇಷಗಳನ್ನು ಪಠ್ಯದ ಆಧಾರದಿಂದ ಕಲ್ಪಿಸಿ, ಅದರ ಬಣ್ಣ, ತೂಕ, ತೊಡುವ ಕಾಲ, ದೂರದಿಂದ ಕಾಣುವ ಆಕಾರ ಎಂಬ ನಾಲ್ಕು ಮಾನದಂಡಗಳಿಂದ ಪರೀಕ್ಷಿಸಿ ಬರೆದಿಡುವುದು ಉಪಯುಕ್ತವಾದ ಅಭ್ಯಾಸವಾದೀತು. ನಾಯಕನ ಕಿರೀಟವನ್ನು ಪರಂಪರೆ ಕಾಪಾಡಿಕೊಂಡು ಬಂದಿದೆ. ಪಕ್ಕದಲ್ಲಿ ನಿಂತವನ ಹೆಗಲವಸ್ತ್ರದ ಹೊಣೆ ನಮ್ಮದು.