ಧ್ರುವಸಮುದ್ರಗಳ ಹಿಮ: ಅದರ ವಾರ್ಷಿಕ ಏರಿಳಿತ

ಭೂಪಟದ ಪುಸ್ತಕಗಳಲ್ಲಿ ಉತ್ತರಧ್ರುವ ಮತ್ತು ದಕ್ಷಿಣಧ್ರುವಗಳ ಸುತ್ತಲೂ ಬಿಳಿಯ ಬಣ್ಣ ಬಳಿದಿರುತ್ತಾರೆ. ಅದನ್ನು ನೋಡಿದವರಿಗೆ ಅಲ್ಲಿ ವರ್ಷದ ಹನ್ನೆರಡು ತಿಂಗಳೂ ಹಿಮವು ಒಂದೇ ಪ್ರಮಾಣದಲ್ಲಿ ಕದಲದೆ ನಿಂತಿರುತ್ತದೆ ಎಂಬ ಭಾವನೆ ಉಂಟಾಗುವುದು ಸಹಜ. ವಾಸ್ತವವಾಗಿ, ಭೂಮಿಯ ಮೇಲೆ ವರ್ಷವರ್ಷವೂ ಅಷ್ಟು ದೊಡ್ಡ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವ ವಸ್ತುಗಳು ಬಹಳ ಕಡಿಮೆ. ದಕ್ಷಿಣಧ್ರುವದ ಸುತ್ತಣ ಸಮುದ್ರದಲ್ಲಿ ಪ್ರತಿವರ್ಷವೂ ಹತ್ತಿರಹತ್ತಿರ ಐದು ಭಾರತದೇಶಗಳಷ್ಟು ವಿಸ್ತಾರದ ಹಿಮವು ಹೊಸದಾಗಿ ಹುಟ್ಟಿ, ಅಷ್ಟೂ ಮತ್ತೆ ಕರಗಿಹೋಗುತ್ತದೆ. ಇದು ಹೇಗೆ ನಡೆಯುತ್ತದೆ, ಇದನ್ನು ಅಳೆಯುವ ಬಗೆ ಯಾವುದು, ಈ ಏರಿಳಿತದಲ್ಲಿ ಸಹಜವಾದುದೆಷ್ಟು, ಚಿಂತಿಸಬೇಕಾದುದೆಷ್ಟು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಕೂಟಗಲ್ ಸೀಮೆಯವರಿಗೆ ಹಿಮದ ಸಮುದ್ರವು ಬಹಳ ದೂರದ ಮಾತು. ಆದರೆ ಅದನ್ನು ಅರ್ಥಮಾಡಿಕೊಳ್ಳಲು ಬೇಕಾದ ಒಂದು ದೃಷ್ಟಾಂತ ನಮ್ಮ ಊರೂರಿನಲ್ಲಿಯೂ ಉಂಟು. ಅದೇ ಕೆರೆ. ಹಸ್ತ, ಚಿತ್ತೆ ಮಳೆಗಳು ಚೆನ್ನಾಗಿ ಹೊಯ್ದರೆ ಕೆರೆ ತುಂಬಿ ಕೋಡಿ ಬೀಳುತ್ತದೆ. ಬೇಸಗೆಯ ಕೊನೆಗೆ ಅದೇ ಕೆರೆಯಂಗಳದಲ್ಲಿ ದನಗಳು ಮೇಯುತ್ತಿರುತ್ತವೆ. ಮೇ ತಿಂಗಳಿನಲ್ಲಿ ಕೆರೆಯ ನೀರು ತಳಕ್ಕಿಳಿದುದನ್ನು ಕಂಡು ಯಾರೂ ಬರಗಾಲ ಬಂದಿತೆಂದು ಗಾಬರಿಯಾಗುವುದಿಲ್ಲ. ನವೆಂಬರಿನಲ್ಲಿ ಹಾಗಾದರೆ ಮಾತ್ರ ಊರು ಚಿಂತೆಗೊಳಗಾಗುತ್ತದೆ. ಒಂದು ತಿಂಗಳ ನೀರನ್ನು ಹಿಂದಿನ ವರ್ಷಗಳ ಅದೇ ತಿಂಗಳಿನ ನೀರಿನೊಡನೆ ಹೋಲಿಸಬೇಕೆಂಬ ವಿವೇಕ ನಮ್ಮ ರೈತರಿಗೆ ಪುಸ್ತಕದ ಸಹಾಯವಿಲ್ಲದೆಯೇ ತಿಳಿದಿದೆ. ಧ್ರುವಗಳ ಹಿಮವನ್ನು ತಿಳಿಯುವುದಕ್ಕೂ ಇದೇ ವಿವೇಕ ಅಗತ್ಯ.

ಸಮುದ್ರಹಿಮವೆಂದರೇನು?

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗ್ರೀನ್‌ಲೆಂಡ್ ಮತ್ತು ಅಂಟಾರ್ಕ್ಟಿಕಾಗಳ ನೆಲದ ಮೇಲೆ ಸಾವಿರಾರು ವರ್ಷಗಳಿಂದ ಬಿದ್ದ ಹಿಮ ಒತ್ತಿ ಗಟ್ಟಿಯಾಗಿ ನಿಂತಿದೆ. ಅದು ನೆಲದ ಹಿಮ, ಸಿಹಿನೀರಿನದು. ಅದರ ಅಂಚು ಮುರಿದು ಕಡಲಿಗೆ ಬಿದ್ದ ತುಂಡುಗಳೇ ತೇಲುವ ಹಿಮಬಂಡೆಗಳು. ನಮ್ಮ ಲೇಖನದ ವಿಷಯ ಇದಲ್ಲ. ಸಮುದ್ರದ ಉಪ್ಪುನೀರೇ ಚಳಿಗೆ ಹೆಪ್ಪುಗಟ್ಟಿ, ಸಮುದ್ರದ ಮೇಲೆಯೇ ತೇಲುತ್ತಿರುವುದು ಸಮುದ್ರಹಿಮ. ನೆಲದ ಹಿಮ ಕರಗಿ ಕಡಲನ್ನು ಸೇರಿದರೆ ಕಡಲಿನ ಮಟ್ಟ ಏರುತ್ತದೆ. ಸಮುದ್ರಹಿಮವಾದರೋ ಮೊದಲೇ ನೀರಿನಲ್ಲಿ ತೇಲುತ್ತಿರುವುದರಿಂದ, ಅದು ಕರಗಿದರೆ ಮಟ್ಟದಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಪತ್ರಿಕೆಗಳ ವರದಿಗಳಲ್ಲಿ ಇವೆರಡೂ ಆಗಾಗ ಬೆರೆತುಹೋಗುತ್ತವೆ.

ಸಿಹಿನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಒಂದು ಕಿಲೋಗ್ರಾಮಿಗೆ ಸುಮಾರು 35 ಗ್ರಾಮ್ ಉಪ್ಪಿರುವ ಸಮುದ್ರದ ನೀರು ಹೆಪ್ಪುಗಟ್ಟಬೇಕಾದರೆ ಸೊನ್ನೆಗಿಂತ 1.8 ಡಿಗ್ರಿ ಕೆಳಗಿಳಿಯಬೇಕು. ಇನ್ನೊಂದು ವ್ಯತ್ಯಾಸವೂ ಇದೆ. ಸಿಹಿನೀರು 4 ಡಿಗ್ರಿಯಲ್ಲಿ ಅತ್ಯಂತ ಭಾರವಾಗಿದ್ದು, ಅದಕ್ಕಿಂತ ತಣ್ಣಗಾದರೆ ಹಗುರವಾಗಿ ಮೇಲೆಯೇ ನಿಲ್ಲುತ್ತದೆ. ಆದುದರಿಂದ ಬೇಗ ಹೆಪ್ಪುಗಟ್ಟುತ್ತದೆ. ಸಮುದ್ರದ ನೀರು ಹೆಪ್ಪುಗಟ್ಟುವವರೆಗೂ ಭಾರವಾಗುತ್ತಲೇ ಹೋಗುವುದರಿಂದ, ತಣ್ಣಗಾದ ನೀರು ಕೆಳಗಿಳಿದು ಬೆಚ್ಚಗಿನ ನೀರು ಮೇಲೆ ಬರುತ್ತದೆ. ಹೀಗೆ ಮೇಲಣ ಪದರವೆಲ್ಲ ತಣಿದ ಮೇಲೆಯೇ ಹಿಮ ಹುಟ್ಟಲು ಆರಂಭ.

ಆರಂಭದಲ್ಲಿ ಸೂಜಿಯಂತಹ ಹರಳುಗಳು ನೀರಿನಲ್ಲಿ ತೇಲುತ್ತವೆ. ಅವು ಹೆಚ್ಚಾದಾಗ ಕಡಲು ಎಣ್ಣೆ ಚೆಲ್ಲಿದಂತೆ ಮಂಕಾಗಿ ಕಾಣುತ್ತದೆ. ಅಲೆಗಳ ಹೊಡೆತಕ್ಕೆ ಹರಳುಗಳು ಕೂಡಿಕೊಂಡು, ಅಂಚು ಮೇಲೆದ್ದ ರೊಟ್ಟಿಗಳಂತಹ ದುಂಡು ಬಿಲ್ಲೆಗಳಾಗುತ್ತವೆ. ಬಿಲ್ಲೆಗಳು ಬೆಸೆದು ಹಾಸಾಗುತ್ತವೆ. ನೀರು ಹರಳಾಗುವಾಗ ಉಪ್ಪಿನ ಬಹುಭಾಗ ಹೊರಗೆ ಉಳಿಯುತ್ತದೆ. ಹಿಮವು ಒಂದೆರಡು ಬೇಸಗೆಗಳನ್ನು ದಾಟಿ ಹಳೆಯದಾದರೆ, ಅದನ್ನು ಕರಗಿಸಿ ಕುಡಿಯಬಹುದಾದಷ್ಟು ಸಪ್ಪೆಯಾಗುತ್ತದೆ. ಮೊದಲ ವರ್ಷದ ಹಿಮ ಸಾಮಾನ್ಯವಾಗಿ ಒಂದರಿಂದ ಎರಡು ಮೀಟರು ದಪ್ಪವಾಗುತ್ತದೆ. ಅದು ದಪ್ಪವಾದಷ್ಟೂ ಕೆಳಗಿನ ನೀರಿಗೆ ಕಂಬಳಿ ಹೊದಿಸಿದಂತಾಗಿ, ಮುಂದಿನ ಬೆಳವಣಿಗೆ ನಿಧಾನವಾಗುತ್ತದೆ. ತೆಳುವಾದ ಹಿಮವೇ ಬೇಗ ಬೆಳೆಯುತ್ತದೆ ಎಂಬ ಈ ಅಂಶ ಮುಂದೆ ನಮಗೆ ಬೇಕಾಗುತ್ತದೆ.

ಎರಡು ಧ್ರುವಗಳು, ಎರಡು ರೀತಿ

ಉತ್ತರದಲ್ಲಿ ಚಳಿಗಾಲವಿದ್ದಾಗ ದಕ್ಷಿಣದಲ್ಲಿ ಬೇಸಗೆ. ಆದುದರಿಂದ ಎರಡು ಧ್ರುವಗಳ ಹಿಮಗಳೂ ತಕ್ಕಡಿಯ ತಟ್ಟೆಗಳಂತೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಆದರೆ ಎರಡರ ಸ್ವಭಾವ ಒಂದೇ ಅಲ್ಲ. ಉತ್ತರಧ್ರುವವು ನೆಲದಿಂದ ಸುತ್ತುವರಿದ ಸಮುದ್ರ. ದಕ್ಷಿಣಧ್ರುವವು ಸಮುದ್ರದಿಂದ ಸುತ್ತುವರಿದ ನೆಲ. ಎಲ್ಲ ವ್ಯತ್ಯಾಸಗಳಿಗೂ ಮೂಲ ಇದರಲ್ಲಿದೆ.

ಉತ್ತರದ ಆರ್ಕ್ಟಿಕ್ ಸಾಗರದಲ್ಲಿ ಹಿಮವು ಮಾರ್ಚ್ ತಿಂಗಳಲ್ಲಿ ಅತ್ಯಂತ ವಿಸ್ತಾರವಾಗಿರುತ್ತದೆ. 1981ರಿಂದ 2010ರವರೆಗಿನ ಸರಾಸರಿಯಂತೆ ಆಗ ಅದು ಸುಮಾರು 155 ಲಕ್ಷ ಚದರ ಕಿಲೋಮೀಟರು. ಸೆಪ್ಟೆಂಬರಿನಲ್ಲಿ ಅದು ಸುಮಾರು 62 ಲಕ್ಷಕ್ಕೆ ಇಳಿಯುತ್ತದೆ. ಸುತ್ತಲೂ ಏಷ್ಯ, ಯೂರೋಪು, ಉತ್ತರ ಅಮೆರಿಕಗಳ ನೆಲವು ಕೆರೆಗೆ ಏರಿ ಕಟ್ಟಿದಂತೆ ಅಡ್ಡನಿಂತಿರುವುದರಿಂದ, ಹಿಮದ ಬಹುಭಾಗಕ್ಕೆ ಹೊರಗೆ ಹರಿಯಲು ಅವಕಾಶ ಕಡಿಮೆ. ಒಂದಂಶ ಬೇಸಗೆಯನ್ನು ದಾಟಿ ಮರುವರ್ಷಕ್ಕೂ ಉಳಿಯುತ್ತದೆ. ಹಾಗೆಂದು ಅದು ನಿಂತಲ್ಲಿ ನಿಲ್ಲುವುದಿಲ್ಲ. ನಾರ್ವೆ ದೇಶದ ನಾನ್ಸೆನ್ ಎಂಬ ಸಾಹಸಿ 1893ರಲ್ಲಿ ತನ್ನ ‘ಫ್ರಾಮ್’ ಹಡಗನ್ನು ಬೇಕೆಂದೇ ಹಿಮದಲ್ಲಿ ಸಿಕ್ಕಿಸಿದನು. ಹಡಗು ಹಿಮದೊಡನೆಯೇ ಸಾಗಿ 1896ರಲ್ಲಿ ಅಟ್ಲಾಂಟಿಕ್ಕಿನ ಕಡೆ ಹೊರಬಂದಿತು. ಹಿಮದ ಹಾಸು ಸದಾ ಚಲಿಸುತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ದಕ್ಷಿಣದಲ್ಲಿ ಹಿಮವು ಸೆಪ್ಟೆಂಬರಿನಲ್ಲಿ ಸುಮಾರು 185 ಲಕ್ಷ ಚದರ ಕಿಲೋಮೀಟರಿಗೆ ಏರಿ, ಫೆಬ್ರವರಿಯಲ್ಲಿ 30 ಲಕ್ಷದ ಸುತ್ತಮುತ್ತ ಇಳಿಯುತ್ತದೆ. ಭಾರತದ ವಿಸ್ತೀರ್ಣ 32.87 ಲಕ್ಷ ಚದರ ಕಿಲೋಮೀಟರು; ನಮ್ಮ ಕರ್ನಾಟಕದ್ದು 1.92 ಲಕ್ಷ. ಅಂದರೆ ಅಲ್ಲಿ ಪ್ರತಿವರ್ಷ ಎಂಬತ್ತು ಕರ್ನಾಟಕಗಳಷ್ಟು ಹಿಮ ಬಂದು ಹೋಗುತ್ತದೆ! ತಡೆಯುವ ನೆಲವಿಲ್ಲದುದರಿಂದ ಹಿಮವು ಎಲ್ಲ ಕಡೆಗೂ ಹರಡಿ ಬೆಚ್ಚಗಿನ ನೀರನ್ನು ತಲುಪುತ್ತದೆ. ಬೇಸಗೆ ಬಂದೊಡನೆ ಬಹುಪಾಲು ಕರಗುತ್ತದೆ. ಬೆಳೆಯುವುದಕ್ಕೆ ಸುಮಾರು ಏಳು ತಿಂಗಳು, ಕರಗುವುದಕ್ಕೆ ಸುಮಾರು ಐದೇ ತಿಂಗಳು.

ಸೂರ್ಯನ ಹಿಂದೆ ನಡೆಯುವ ಹಿಮ

ಉತ್ತರಾರ್ಧಗೋಳದಲ್ಲಿ ಹಗಲು ಅತ್ಯಂತ ದೀರ್ಘವಾಗಿರುವುದು ಜೂನ್ 21ರ ಸುಮಾರಿಗೆ. ಹಿಮ ಅತಿ ಕಡಿಮೆಯಾಗುವುದು ಸೆಪ್ಟೆಂಬರಿನಲ್ಲಿ. ಈ ಮೂರು ತಿಂಗಳ ಅಂತರಕ್ಕೆ ಕಾರಣವೇನು? ಸೂರ್ಯ ನಡುನೆತ್ತಿಗೆ ಬರುವುದು ಹನ್ನೆರಡು ಗಂಟೆಯ ಹೊತ್ತಿಗಾದರೂ ಬಿಸಿಲಿನ ಧಗೆ ಹೆಚ್ಚುವುದು ಎರಡು ಮೂರು ಗಂಟೆಗೆ ಎಂಬುದು ಎಲ್ಲರ ಅನುಭವ. ಬರುವ ಶಾಖವು ಹೋಗುವ ಶಾಖಕ್ಕಿಂತ ಹೆಚ್ಚಾಗಿರುವವರೆಗೂ ಬಿಸಿ ಕೂಡುತ್ತಲೇ ಇರುತ್ತದೆ. ಒಂದು ಗ್ರಾಮ್ ಹಿಮವನ್ನು ಕರಗಿಸಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಸಮುದ್ರದಂತಹ ದೊಡ್ಡ ವಸ್ತು ಬಿಸಿಯಾಗುವುದೂ ನಿಧಾನ, ತಣಿಯುವುದೂ ನಿಧಾನ. ಆದುದರಿಂದಲೇ ಹಿಮವು ಸೂರ್ಯನ ಹಿಂದೆ ಕೆಲವು ತಿಂಗಳು ತಡವಾಗಿ ನಡೆಯುತ್ತದೆ.

ಇದಕ್ಕೆ ಇನ್ನೊಂದು ಅಂಶವೂ ಸೇರುತ್ತದೆ. ಹೊಸ ಮಂಜು ಹೊದ್ದ ಹಿಮವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕೂ ಹೆಚ್ಚನ್ನು ಹಿಂದಕ್ಕೆ ಕಳುಹಿಸುತ್ತದೆ. ತೆರೆದ ಸಮುದ್ರವು ಹತ್ತು ಭಾಗವನ್ನೂ ಹಿಂದಿರುಗಿಸುವುದಿಲ್ಲ. ಸುಣ್ಣ ಬಳಿದ ಗೋಡೆಗೂ ಕರಿಯ ಬಂಡೆಗೂ ಇರುವ ವ್ಯತ್ಯಾಸವೇ ಇದು. ಸ್ವಲ್ಪ ಹಿಮ ಕರಗಿದರೆ ಕಪ್ಪು ನೀರು ಹೊರಬೀಳುತ್ತದೆ. ಅದು ಹೆಚ್ಚು ಶಾಖವನ್ನು ಹೀರುತ್ತದೆ. ಆ ಶಾಖ ಇನ್ನಷ್ಟು ಹಿಮವನ್ನು ಕರಗಿಸುತ್ತದೆ.

ಅಳೆಯುವ ಬಗೆ

ಆರು ತಿಂಗಳು ಕತ್ತಲು, ಉಳಿದ ಕಾಲ ಮೋಡ ಕವಿದಿರುವ ಪ್ರದೇಶವನ್ನು ಅಳೆಯುವುದು ಹೇಗೆ? ಹಿಂದೆ ಹಡಗಿನವರ ದಿನಚರಿಗಳೇ ಆಧಾರವಾಗಿದ್ದವು. 1978ರ ಅಕ್ಟೋಬರಿನಲ್ಲಿ ಅಮೆರಿಕದ ‘ನಿಂಬಸ್-7’ ಉಪಗ್ರಹ ಹಾರಿದ ಮೇಲೆ ಪರಿಸ್ಥಿತಿ ಬದಲಾಯಿತು. ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಮೈಕ್ರೋವೇವ್ ಕಿರಣಗಳನ್ನು ಅಲ್ಪಪ್ರಮಾಣದಲ್ಲಿ ಹೊರಸೂಸುತ್ತದೆ. ಹಿಮವು ಸಮುದ್ರದ ನೀರಿಗಿಂತ ಹೆಚ್ಚಾಗಿ ಸೂಸುತ್ತದೆ. ಈ ಕಿರಣಗಳಿಗೆ ಕತ್ತಲೆಯೂ ಮೋಡವೂ ಅಡ್ಡಿಯಲ್ಲ. ಒಂದು ಚೌಕದಲ್ಲಿ ನೂರಕ್ಕೆ 15 ಭಾಗವಾದರೂ ಹಿಮವಿದ್ದರೆ ಆ ಚೌಕವನ್ನು ಹಿಮವುಳ್ಳದ್ದೆಂದು ಎಣಿಸುವುದು ಸಾಮಾನ್ಯವಾದ ಪದ್ಧತಿ.

ಈ ಕಾರ್ಯದಲ್ಲಿ ನಮ್ಮ ದೇಶದ ಪಾಲೂ ಇದೆ. 2009ರ ಓಷನ್‌ಸ್ಯಾಟ್-2, 2016ರ ಸ್ಕ್ಯಾಟ್‌ಸ್ಯಾಟ್-1 ಉಪಗ್ರಹಗಳ ರೇಡಾರ್ ಉಪಕರಣಗಳ ಮುಖ್ಯ ಕೆಲಸ ಕಡಲಗಾಳಿಯನ್ನು ಅಳೆಯುವುದಾದರೂ, ಅವುಗಳ ಮಾಹಿತಿಯಿಂದ ಸಮುದ್ರಹಿಮದ ಎಲ್ಲೆಯನ್ನೂ ಗುರುತಿಸಲಾಯಿತು. ಇಸ್ರೋ ಮತ್ತು ನಾಸಾ ಸಂಸ್ಥೆಗಳ ಜಂಟಿ ಉಪಗ್ರಹವಾದ ‘ನಿಸಾರ್’ ನಮಗೆ ಹತ್ತಿರದ ಬೆಂಗಳೂರಿನಲ್ಲಿ ಜೋಡಣೆಗೊಂಡು, 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿತು. ಹಿಮದ ಚಲನೆಯನ್ನು ಗಮನಿಸುವುದೂ ಅದರ ಕಾರ್ಯಗಳಲ್ಲೊಂದು. ಗೋವೆಯಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನ ಕೇಂದ್ರವು ಅಂಟಾರ್ಕ್ಟಿಕದ ಮೈತ್ರಿ ಮತ್ತು ಭಾರತಿ ನೆಲೆಗಳನ್ನೂ, ಸ್ವಾಲ್ಬಾರ್ಡ್ ದ್ವೀಪದಲ್ಲಿ 2008ರಲ್ಲಿ ಆರಂಭವಾದ ಹಿಮಾದ್ರಿ ನೆಲೆಯನ್ನೂ ನಡೆಸುತ್ತದೆ. ನಮ್ಮ ಮೊದಲ ಅಂಟಾರ್ಕ್ಟಿಕ ತಂಡವು ಡಾ. ಎಸ್. ಝಡ್. ಕಾಸಿಂ ಅವರ ನೇತೃತ್ವದಲ್ಲಿ ಅಲ್ಲಿ ಕಾಲಿಟ್ಟದ್ದು 1982ರ ಜನವರಿಯಲ್ಲಿ. ಆ ತಿಂಗಳನ್ನೇ ಆರಿಸಿಕೊಂಡುದು ಏಕೆಂಬುದು ಈಗ ವಾಚಕರಿಗೆ ಹೊಳೆದಿರಬೇಕು: ಅದು ಅಲ್ಲಿ ಹಿಮ ಹಿಂಜರಿದು ಹಡಗಿಗೆ ದಾರಿ ಬಿಡುವ ಕಾಲ.

ಸಹಜವಾದುದು ಮತ್ತು ಸಹಜವಲ್ಲದುದು

2012ರ ಸೆಪ್ಟೆಂಬರಿನಲ್ಲಿ ಉತ್ತರದ ಹಿಮವು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ, ಅಂದರೆ ಹೆಚ್ಚುಕಡಿಮೆ ಭಾರತದಷ್ಟಕ್ಕೆ ಕುಗ್ಗಿತು. ಉಪಗ್ರಹಗಳ ದಾಖಲೆಯಲ್ಲಿ ಅಷ್ಟು ಕಡಿಮೆಯಾದದ್ದು ಅದೇ ಮೊದಲು. 2025ರವರೆಗೂ ಆ ದಾಖಲೆ ಮುರಿದಿಲ್ಲ. ಮುಂದಿನ ಮಾರ್ಚಿನ ಹೊತ್ತಿಗೆ ಹಿಮವು 110 ಲಕ್ಷಕ್ಕೂ ಹೆಚ್ಚು ಬೆಳೆಯಿತು. ‘ಆರೇ ತಿಂಗಳಲ್ಲಿ ಇಷ್ಟು ಬೆಳೆದ ಮೇಲೆ ಹಿಮ ಕಡಿಮೆಯಾಗುತ್ತಿದೆ ಎಂಬುದು ಸುಳ್ಳಲ್ಲವೆ?’ ಎಂದು ಒಬ್ಬರು ಕೇಳಬಹುದು. ತೆಳುವಾದ ಹಿಮ ಬೇಗ ಬೆಳೆಯುತ್ತದೆ ಎಂದು ಮೇಲೆ ನೋಡಿದೆವು. ಹೆಚ್ಚು ಕರಗಿದ ವರ್ಷದ ನಂತರ ಹೆಚ್ಚು ಬೆಳೆಯುವುದು ಆಶ್ಚರ್ಯವಲ್ಲ. ಬರಿದಾದ ಕೆರೆಗೆ ಹೆಚ್ಚು ನೀರು ಹಿಡಿಯುತ್ತದೆ, ಅಷ್ಟೆ. 2013ರ ಸೆಪ್ಟೆಂಬರಿನಲ್ಲಿ ಹಿಮ ಸುಮಾರು 50 ಲಕ್ಷವಿತ್ತು. ‘ಹಿಮ ಮರಳಿ ಬಂದಿತು’ ಎನ್ನುವುದಕ್ಕೆ ಇದೂ ಸಾಲದು. ಒಂದು ವರ್ಷ ಕೆರೆ ಕೋಡಿ ಬಿದ್ದ ಮಾತ್ರಕ್ಕೆ ಸೀಮೆಯ ಬರ ತೀರಿತೆನ್ನಲಾಗದು.

ಹಲವು ವರ್ಷಗಳ ಸೆಪ್ಟೆಂಬರ್‌ಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ ಸತ್ಯ ಗೋಚರವಾಗುತ್ತದೆ. 1979ರಿಂದೀಚಿನ ದಾಖಲೆಯಲ್ಲಿ ಅತಿ ಕಡಿಮೆಯಾದ 19 ಸೆಪ್ಟೆಂಬರ್ ಕನಿಷ್ಠಗಳೂ 2007ರಿಂದ 2025ರವರೆಗಿನ 19 ವರ್ಷಗಳವೇ ಆಗಿವೆ. ಸೆಪ್ಟೆಂಬರಿನ ಹಿಮವು ಹತ್ತು ವರ್ಷಕ್ಕೆ ನೂರಕ್ಕೆ ಸುಮಾರು ಹನ್ನೆರಡು ಭಾಗದಂತೆ ಕುಗ್ಗಿದೆ. ಮಾರ್ಚಿನ ಇಳಿತ ಇದಕ್ಕಿಂತ ಬಹಳ ಕಡಿಮೆಯಾದರೂ ಅದೂ ಇಳಿತವೇ. 2025ರ ಮಾರ್ಚಿನ ಗರಿಷ್ಠವು ಸುಮಾರು 143 ಲಕ್ಷವಾಗಿ, ಅಲ್ಲಿಯವರೆಗಿನ ಗರಿಷ್ಠಗಳಲ್ಲೆಲ್ಲ ಕಡಿಮೆಯದಾಗಿತ್ತು.

ದಕ್ಷಿಣದ ಕಥೆ ಇಷ್ಟು ಸರಳವಲ್ಲ. ಅಲ್ಲಿ ಹಲವು ವರ್ಷ ಹಿಮ ಸ್ವಲ್ಪಸ್ವಲ್ಪವಾಗಿ ಹೆಚ್ಚುತ್ತಲೇ ಇದ್ದು, 2014ರ ಸೆಪ್ಟೆಂಬರಿನಲ್ಲಿ 200 ಲಕ್ಷವನ್ನು ದಾಟಿತು. 2016ರಿಂದ ಇದ್ದಕ್ಕಿದ್ದಂತೆ ಇಳಿಯಿತು. 2023ರ ಫೆಬ್ರವರಿಯಲ್ಲಿ ಕೇವಲ 18 ಲಕ್ಷದಷ್ಟು ಉಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿಯೂ 170 ಲಕ್ಷದಷ್ಟೇ ಬೆಳೆಯಿತು. ಗಾಳಿ, ಸಮುದ್ರದ ಆಳದ ಶಾಖ ಮುಂತಾದ ಕಾರಣಗಳ ಪಾಲೆಷ್ಟೆಂಬುದನ್ನು ವಿಜ್ಞಾನಿಗಳು ಇನ್ನೂ ಚರ್ಚಿಸುತ್ತಿದ್ದಾರೆ.

ನಮಗೂ ಅದಕ್ಕೂ ಏನು ಸಂಬಂಧ?

ಹಿಮದ ಕಾಲಗಣನೆಯನ್ನೇ ನಂಬಿ ಬದುಕುವ ಜೀವಿಗಳುಂಟು. ಎಂಪರರ್ ಪೆಂಗ್ವಿನ್ ಪಕ್ಷಿಗಳು ಸಮುದ್ರಹಿಮದ ಮೇಲೆಯೇ ಮರಿಮಾಡುತ್ತವೆ. 2022ರ ಕೊನೆಯಲ್ಲಿ ಬೆಲ್ಲಿಂಗ್ಸ್‌ಹೌಸೆನ್ ಸಮುದ್ರದ ಐದು ನೆಲೆಗಳ ಪೈಕಿ ನಾಲ್ಕರಲ್ಲಿ, ಮರಿಗಳಿಗೆ ನೀರು ತಡೆಯುವ ಗರಿ ಬರುವ ಮೊದಲೇ ಹಿಮ ಒಡೆದುಹೋಯಿತು. ಅಲ್ಲಿ ಆ ವರ್ಷದ ಮರಿಗಳು ಉಳಿಯಲಿಲ್ಲವೆಂದೇ ತೀರ್ಮಾನವಾಗಿದೆ. ಹಿಮ ಕೊನೆಗೆ ಒಡೆಯುವುದು ಪ್ರತಿವರ್ಷದ ನಿಯಮ. ಕಾಲ ತಪ್ಪಿ ಒಡೆದುದೇ ಅನರ್ಥ.

ಮಳೆಯ ವಿಷಯದಲ್ಲಿಯೂ ಸಂಶೋಧನೆ ನಡೆದಿದೆ. ಆರ್ಕ್ಟಿಕ್‌ನ ಕಾರಾ ಸಮುದ್ರದಲ್ಲಿ ಬೇಸಗೆಯ ಹಿಮ ಕಡಿಮೆಯಾದುದಕ್ಕೂ, ಮಧ್ಯಭಾರತದಲ್ಲಿ ಸೆಪ್ಟೆಂಬರಿನ ವಿಪರೀತ ಮಳೆಗೂ ಸಂಬಂಧವಿರಬಹುದೆಂದು ಗೋವೆಯ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಸೂಚಿಸಿದ್ದಾರೆ. ಇದನ್ನು ನಮ್ಮ ರಾಗಿಯ ಹೊಲಗಳಿಗೆ ನೇರವಾಗಿ ಅನ್ವಯಿಸುವುದು ಆತುರವಾಗುತ್ತದೆ. ಆದರೂ ಧ್ರುವದ ಹಿಮವೂ ಹಿಂದೂಸ್ಥಾನದ ಮಳೆಯೂ ಒಂದೇ ವಾಯುಮಂಡಲದ ಕೆಳಗಿವೆ ಎಂಬುದನ್ನು ಮರೆಯುವಂತಿಲ್ಲ.

ಆದುದರಿಂದ ಧ್ರುವಗಳ ಹಿಮದ ಬಗ್ಗೆ ಯಾವುದಾದರೂ ಸುದ್ದಿಯನ್ನು ಓದಿದಾಗ ವಿದ್ಯಾವಂತರಾದ ನಾವು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ನೆಲದ ಹಿಮವೋ ಸಮುದ್ರದ ಹಿಮವೋ? ಯಾವ ಧ್ರುವದ್ದು? ಯಾವ ತಿಂಗಳಿನದು? ಹೋಲಿಸಿರುವುದು ಎಷ್ಟು ವರ್ಷಗಳ ಅದೇ ತಿಂಗಳಿನೊಡನೆ? ಈ ನಾಲ್ಕಕ್ಕೂ ಉತ್ತರವಿಲ್ಲದ ಸುದ್ದಿ, ಭಯಪಡಿಸುವುದಾಗಲಿ ಸಮಾಧಾನಪಡಿಸುವುದಾಗಲಿ, ನಂಬಿಕೆಗೆ ಅರ್ಹವಲ್ಲ. ಉತ್ತರವಿರುವ ಸುದ್ದಿಯನ್ನು ಅಲಕ್ಷಿಸುವ ಹಕ್ಕು ನಮಗಿಲ್ಲ. ಕೆರೆಯ ಏರಿಯ ಮೇಲೆ ನಿಂತು ನವೆಂಬರಿನ ನೀರನ್ನು ನೋಡಿ ಮುಂದಿನ ಬೇಸಗೆಯನ್ನು ಲೆಕ್ಕಹಾಕುವ ರೈತನ ಎಚ್ಚರವನ್ನು, ಈಗ ಭೂಮಿಯೆಂಬ ದೊಡ್ಡ ಊರಿನ ವಿಷಯದಲ್ಲಿಯೂ ನಾವು ಕಲಿಯಬೇಕಾಗಿದೆ.