ಅಗೆಯದೆ ಅರಸುವ ನಿಧಿ

ಹುದುಗಿಟ್ಟ ವಸ್ತುವನ್ನು ಹುಡುಕಿ ತೆಗೆಯಬೇಕೆಂಬ ಕುತೂಹಲವು ಮನುಷ್ಯನಿಗೆ ಹುಟ್ಟಿನೊಡನೆ ಬಂದುದು. ಮಕ್ಕಳ ಕಣ್ಣಾಮುಚ್ಚಾಲೆಯಿಂದ ಹಿಡಿದು ವಿದ್ವಾಂಸರ ಸಂಶೋಧನೆಯವರೆಗೆ ಈ ಕುತೂಹಲವೇ ನಾನಾ ರೂಪಗಳಲ್ಲಿ ಕೆಲಸಮಾಡುತ್ತದೆ. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ, ಭೂಮಿಯನ್ನು ದಾನಮಾಡುವಾಗ ಅದರೊಡನೆ ಸಲ್ಲುವ ಎಂಟು ಬಗೆಯ ಹಕ್ಕುಗಳನ್ನು ಹೆಸರಿಸುವ ವಾಡಿಕೆಯಿತ್ತು. ಆ ಅಷ್ಟಭೋಗಗಳಲ್ಲಿ ಮೊದಲು ಬರುವ ಮಾತುಗಳು ನಿಧಿ, ನಿಕ್ಷೇಪ ಎಂಬವು. ನಿಕ್ಷೇಪವೆಂದರೆ ಹುದುಗಿಸಿ ಇಟ್ಟದ್ದು. ಇನ್ನೊಬ್ಬರನ್ನು ನಂಬಿ ಅವರ ವಶಕ್ಕೆ ಒಪ್ಪಿಸಿದ್ದು ಎಂಬ ಅರ್ಥವೂ ಆ ಮಾತಿಗೆ ಉಂಟು. ಈ ಎರಡನೆಯ ಅರ್ಥವನ್ನು ನಾವು ನೆನಪಿನಲ್ಲಿಟ್ಟುಕೊಂಡಿರೋಣ.

ನಿಧಿಯ ಆಸೆಯು ದುರಾಸೆಯಾದಾಗ ಆಗುವ ಅನರ್ಥವನ್ನು ನಾವು ಬಲ್ಲೆವು. ಊರಾಚೆಯ ಪಾಳುಗುಡಿಗಳ ನೆಲವನ್ನು ಅಗೆದು, ವಿಗ್ರಹಗಳನ್ನು ಕಿತ್ತು, ವೀರಗಲ್ಲುಗಳನ್ನು ಉರುಳಿಸುವ ನಿಧಿಗಳ್ಳರ ಕೈಗೆ ಹೊನ್ನು ಸಿಕ್ಕುವುದೋ ಇಲ್ಲವೋ, ನಾಡಿನ ಚರಿತ್ರೆಯ ಒಂದು ಪುಟವಂತೂ ಶಾಶ್ವತವಾಗಿ ಹರಿದುಹೋಗುತ್ತದೆ. ಹಾಗಾದರೆ ಯಾರಿಗೂ ಕೇಡಾಗದಂತೆ, ನೆಲವನ್ನು ಅಗೆಯದೆ, ಹೊನ್ನಿನ ಆಸೆಯಿಲ್ಲದೆ ನಿಧಿಯನ್ನು ಅರಸುವುದು ಸಾಧ್ಯವೆ? ಸಾಧ್ಯವೆಂಬುದಕ್ಕೆ ಅಮೆರಿಕದಲ್ಲಿ ಹುಟ್ಟಿ ಲೋಕದ ನಾನಾ ದೇಶಗಳಿಗೆ ಹಬ್ಬಿರುವ ಜಿಯೋಕ್ಯಾಷಿಂಗ್ ಎಂಬ ಹವ್ಯಾಸವೇ ಸಾಕ್ಷಿ. 'ಜಿಯೋ' ಎಂದರೆ ಭೂಮಿ. 'ಕ್ಯಾಷ್' ಎಂಬುದು ಮರೆಯಾಗಿ ಇಟ್ಟ ವಸ್ತುವನ್ನು ಸೂಚಿಸುವ, ಫ್ರೆಂಚ್ ಮೂಲದ ಮಾತು. ಒಬ್ಬರು ಒಂದು ಪೆಟ್ಟಿಗೆಯನ್ನು ಬಯಲಿನಲ್ಲಿಯೋ ಕಾಡಿನಲ್ಲಿಯೋ ಮರೆಮಾಡಿ ಇಡುತ್ತಾರೆ. ಅದು ಇರುವ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಅವರ ಪರಿಚಯವೇ ಇಲ್ಲದ ಇನ್ನೊಬ್ಬರು ಆ ಅಂಕೆಗಳನ್ನು ಹಿಡಿದು ಹೊರಟು ಪೆಟ್ಟಿಗೆಯನ್ನು ಪತ್ತೆಮಾಡುತ್ತಾರೆ. ಹವ್ಯಾಸದ ಸಾರಾಂಶವು ಇಷ್ಟೆ.

ಇಂಥ ಆಟವು ಹಿಂದೆ ಇರಲೇ ಇಲ್ಲವೆಂದಲ್ಲ. ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ನಿರ್ಜನವಾದ ಎತ್ತರದ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿಯು ೧೮೫೪ರಲ್ಲಿ ಒಂದು ಸೀಸೆಯನ್ನು ಇಟ್ಟಿದ್ದನು. ಕ್ರಾನ್‌ಮಿಯರ್ ಪೂಲ್ ಎಂಬ ಆ ದುರ್ಗಮ ಸ್ಥಳದವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಅಂಥ ಸ್ಥಳವನ್ನು ಸೇರುವುದಕ್ಕೆ ಭೂಪಟ, ದಿಕ್ಸೂಚಿ ಮತ್ತು ಕಾಲಿನ ಕಸುವು ಇವೇ ಸಾಧನಗಳಾಗಿದ್ದವು.

ಹೊಸ ಹವ್ಯಾಸದ ಹುಟ್ಟಿಗೆ ಒಂದು ಸರ್ಕಾರಿ ಆಜ್ಞೆಯು ಕಾರಣವಾದುದು ಸ್ವಾರಸ್ಯದ ಸಂಗತಿ. ಭೂಮಿಯ ಮೇಲೆ ಯಾವನೇ ಆಗಲಿ ತಾನು ಇರುವ ಸ್ಥಳವನ್ನು ತಿಳಿಯಲು ನೆರವಾಗುವ ಉಪಗ್ರಹಗಳ ವ್ಯವಸ್ಥೆಯನ್ನು ಅಮೆರಿಕದ ರಕ್ಷಣಾ ಇಲಾಖೆಯು ೧೯೭೩ರಲ್ಲಿ ಕೈಗೆತ್ತಿಕೊಂಡಿತು. ಇದನ್ನೇ ಜಿ.ಪಿ.ಎಸ್. ಎಂದು ಕರೆಯುತ್ತಾರೆ. ಇದರ ಮೊದಲ ಉಪಗ್ರಹವು ೧೯೭೮ರಲ್ಲಿ ಆಕಾಶಕ್ಕೆ ಏರಿತು. ೧೯೯೫ರಲ್ಲಿ ವ್ಯವಸ್ಥೆಯು ಪೂರ್ಣಗೊಂಡಿತು. ಆದರೆ ಶತ್ರುಗಳು ಇದರ ಲಾಭವನ್ನು ಪಡೆದಾರೆಂಬ ಅಂಜಿಕೆಯಿಂದ, ಸಾರ್ವಜನಿಕರಿಗೆ ದೊರೆಯುವ ಸಂಕೇತಗಳಲ್ಲಿ ಬೇಕೆಂದೇ ಒಂದಿಷ್ಟು ದೋಷವನ್ನು ಸೇರಿಸಲಾಗುತ್ತಿತ್ತು. ಅದರಿಂದ ಸುಮಾರು ೧೦೦ ಮೀಟರುಗಳಷ್ಟು ವ್ಯತ್ಯಾಸ ಬರುತ್ತಿತ್ತು. ನಡುಗಡಲಿನ ನಾವಿಕನಿಗೆ ಅಷ್ಟು ಸಾಕು. ಕಾಡಿನಲ್ಲಿ ಒಂದು ಡಬ್ಬಿಯನ್ನು ಹುಡುಕುವವನಿಗೆ ಅದು ಸಾಲದು. ೨೦೦೦ನೆಯ ಇಸವಿಯ ಮೇ ೧ರ ರಾತ್ರಿ, ಅಧ್ಯಕ್ಷ ಬಿಲ್ ಕ್ಲಿಂಟನ್ನರ ಆಜ್ಞೆಯಂತೆ ಆ ದೋಷವನ್ನು ತೆಗೆದುಹಾಕಲಾಯಿತು. ಒಂದೇ ರಾತ್ರಿಯಲ್ಲಿ ಲೋಕದ ಎಲ್ಲ ಜಿ.ಪಿ.ಎಸ್. ಉಪಕರಣಗಳ ದೃಷ್ಟಿಯೂ ತಿಳಿಯಾಯಿತು.

ಇದಾದ ಎರಡು ದಿನಗಳಲ್ಲಿ, ಮೇ ೩ರಂದು, ಡೇವ್ ಉಲ್ಮರ್ ಎಂಬವರು ಈ ಹೊಸ ನಿಖರತೆಯನ್ನು ಪರೀಕ್ಷಿಸಬೇಕೆಂದು ಆರೆಗಾನ್ ಸಂಸ್ಥಾನದ ಬೀವರ್‌ಕ್ರೀಕ್ ಎಂಬ ಊರಿನ ಬಳಿ ಒಂದು ಕಪ್ಪು ಬಕೆಟನ್ನು ಅರ್ಧ ಹೂಳಿ ಇಟ್ಟರು. ಅದರಲ್ಲಿ ಒಂದು ದಿನಚರಿ ಪುಸ್ತಕ, ಒಂದು ಸೀಸದ ಕಡ್ಡಿ, ಕೆಲವು ಪುಸ್ತಕಗಳು, ಒಂದು ಕವಣೆ ಮತ್ತು ಬೇಯಿಸಿದ ಕಾಳಿನ ಒಂದು ಡಬ್ಬಿ ಇದ್ದವು. ಅವರು ವಿಧಿಸಿದ ನಿಯಮವು ಒಂದೇ: ಏನನ್ನಾದರೂ ತೆಗೆದುಕೊಂಡರೆ ಏನನ್ನಾದರೂ ಇಟ್ಟು ಹೋಗಬೇಕು. ಮೂರು ದಿನಗಳೊಳಗಾಗಿ ಇಬ್ಬರು ಅದನ್ನು ಹುಡುಕಿ ತೆಗೆದರು. ಅದೇ ತಿಂಗಳ ಕೊನೆಗೆ ಜಿಯೋಕ್ಯಾಷಿಂಗ್ ಎಂಬ ಹೆಸರೂ ಹುಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಲೋಕದಲ್ಲೆಲ್ಲ ಇಂಥ ಪೆಟ್ಟಿಗೆಗಳು ಸುಮಾರು ೭೫ ಇದ್ದವು. ಇಂದು ಅವುಗಳ ಸಂಖ್ಯೆಯು ೩೦ ಲಕ್ಷವನ್ನು ಮೀರಿದೆ. ಬೀವರ್‌ಕ್ರೀಕಿನ ಆ ಸ್ಥಳದಲ್ಲಿ ಈಗ ಒಂದು ಸ್ಮಾರಕಫಲಕವಿದೆ.

ಅಂಗೈಯಲ್ಲಿ ಹಿಡಿಯುವ ಸಣ್ಣ ಉಪಕರಣವು ನಾವಿರುವ ಸ್ಥಳವನ್ನು ಅರಿಯುವುದಾದರೂ ಹೇಗೆ? ಮಿಂಚು ಕಂಡ ಎಷ್ಟು ಹೊತ್ತಿಗೆ ಗುಡುಗು ಕೇಳಿಸಿತೆಂದು ಎಣಿಸಿ, ಸಿಡಿಲು ಎಷ್ಟು ದೂರದಲ್ಲಿದೆಯೆಂದು ನೀವು ಲೆಕ್ಕಹಾಕಿರಬಹುದು. ಇಲ್ಲಿಯೂ ಕೆಲಸಮಾಡುವುದು ಅದೇ ತತ್ತ್ವ. ನೆಲದಿಂದ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ತನ್ನ ಸ್ಥಾನವನ್ನೂ ಸಂಕೇತ ಹೊರಟ ಕ್ಷಣವನ್ನೂ ರೇಡಿಯೋ ಅಲೆಗಳ ಮೂಲಕ ಎಡೆಬಿಡದೆ ಸಾರುತ್ತಿರುತ್ತದೆ. ಆ ಅಲೆಯು ಬೆಳಕಿನ ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರಿನಂತೆ, ಧಾವಿಸಿ ಬರುತ್ತದೆ. ಬರಲು ಹಿಡಿದ ಕಾಲವನ್ನು ವೇಗದಿಂದ ಗುಣಿಸಿದರೆ ದೂರವು ತಿಳಿಯುತ್ತದೆ. ಮೂರು ಉಪಗ್ರಹಗಳಿಂದ ಇರುವ ದೂರವು ತಿಳಿದರೆ ನಮ್ಮ ಸ್ಥಾನವು ಗೊತ್ತಾಗಬೇಕು. ಆದರೆ ಕಾಲಗಣನೆಯಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ತಪ್ಪಾದರೂ ದೂರದಲ್ಲಿ ೩೦೦ ಮೀಟರುಗಳ ತಪ್ಪಾಗುತ್ತದೆ. ಆದುದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳನ್ನು ಇಟ್ಟಿರುತ್ತಾರೆ. ನಮ್ಮ ಕೈಯ ಉಪಕರಣದಲ್ಲಿರುವುದು ಸಾಮಾನ್ಯ ಗಡಿಯಾರ; ಅದರ ತಪ್ಪನ್ನು ತಿದ್ದಲು ನಾಲ್ಕನೆಯ ಉಪಗ್ರಹವೊಂದರ ನೆರವು ಬೇಕಾಗುತ್ತದೆ.

ಅಕ್ಷಾಂಶದ ಒಂದು ಡಿಗ್ರಿಯೆಂದರೆ ನೆಲದ ಮೇಲೆ ಸುಮಾರು ೧೧೧ ಕಿಲೋಮೀಟರ್. ಅದರ ಅರವತ್ತನೆಯ ಒಂದು ಭಾಗವಾದ ಒಂದು ಮಿನಿಟು ಸುಮಾರು ೧.೮೫ ಕಿಲೋಮೀಟರ್. ಮಿನಿಟಿನ ಸಾವಿರದ ಒಂದು ಭಾಗವು ಸುಮಾರು ೧.೮೫ ಮೀಟರ್. ಈ ಹವ್ಯಾಸಿಗಳು ಮಿನಿಟನ್ನು ಮೂರು ದಶಾಂಶ ಸ್ಥಾನಗಳವರೆಗೆ ಬರೆಯುತ್ತಾರೆ. ಎಂದರೆ ಇಡೀ ಭೂಗೋಳದಲ್ಲಿ ಒಂದು ಮಂಚದ ಉದ್ದದಷ್ಟು ಜಾಗವನ್ನು ಅಂಕೆಗಳಿಂದಲೇ ಗುರುತಿಸಿದಂತಾಯಿತು! ಆದರೆ ಉಪಕರಣದ ಯೋಗ್ಯತೆಯು ಅಷ್ಟು ಸೂಕ್ಷ್ಮವಾದುದಲ್ಲ. ತೆರೆದ ಆಕಾಶದ ಕೆಳಗೆ ಅದು ಸುಮಾರು ೫ ಮೀಟರುಗಳ ಸಮೀಪಕ್ಕೆ ನಮ್ಮನ್ನು ಕರೆದೊಯ್ಯಬಲ್ಲದು. ದಟ್ಟವಾದ ಮರಗಳ ಅಡಿಯಲ್ಲಿ, ಆಳವಾದ ಕಣಿವೆಯಲ್ಲಿ ಅದರ ತಪ್ಪು ಇನ್ನೂ ಹೆಚ್ಚುತ್ತದೆ.

ಯಂತ್ರದ ಕೆಲಸವು ಎಲ್ಲಿ ಮುಗಿಯುವುದೋ ಅಲ್ಲಿಂದಲೇ ಮನುಷ್ಯನ ಕೆಲಸವು ಮೊದಲಾಗುತ್ತದೆ. ಕೊನೆಯ ಹತ್ತಾರು ಹೆಜ್ಜೆಗಳಲ್ಲಿ ಹವ್ಯಾಸಿಯು ಉಪಕರಣವನ್ನು ಜೇಬಿಗಿಳಿಸಿ ಕಣ್ಣನ್ನು ನಂಬಬೇಕು. ತಾನೇ ತಾನಾಗಿ ಹಾಗೆ ಕೂಡಿಬರಲಾರದ ಕಲ್ಲುಗಳ ಜೋಡಣೆ, ಒಣಗಿದ ತೊಗಟೆಯ ತುಂಡೊಂದು ಮುಚ್ಚಿರುವ ಮರದ ಪೊಟರೆ, ಇವುಗಳನ್ನು ಗಮನಿಸಬೇಕು. ಹೀಗೆ ನೋಡುತ್ತ ನೋಡುತ್ತ ಆತನು ಗಿಡದ ಎಲೆಯನ್ನೂ ಬಂಡೆಯ ಪದರವನ್ನೂ ಹಕ್ಕಿಯ ಗೂಡನ್ನೂ ಕಾಣಲು ಕಲಿಯುತ್ತಾನೆ. ಪೆಟ್ಟಿಗೆಯಲ್ಲಿ ದೊರೆಯುವುದು ಒಂದು ಗೋಲಿಯೋ ಗುಂಡಿಯೋ ಇರಬಹುದು. ದಾರಿಯಲ್ಲಿ ದೊರೆತುದು ಅದಕ್ಕಿಂತ ಬೆಲೆಯುಳ್ಳದ್ದು. ೨೦೦೪ರಿಂದ ಅಮೆರಿಕದ ಭೂವಿಜ್ಞಾನ ಸಂಘದ ಸಹಕಾರದಿಂದ ಪೆಟ್ಟಿಗೆಯೇ ಇಲ್ಲದ ಒಂದು ಬಗೆಯೂ ಬಳಕೆಗೆ ಬಂದಿದೆ. ಅಲ್ಲಿಗೆ ಹೋದವರು ಆ ಸ್ಥಳದ ಶಿಲೆ, ಮಣ್ಣು, ನೀರಿನ ಹರಿವು ಇವುಗಳನ್ನು ನೋಡಿ ಪ್ರಶ್ನೆಗಳಿಗೆ ಉತ್ತರ ಕಳುಹಿಸಬೇಕು. ಅಲ್ಲಿ ಸ್ಥಳವೇ ನಿಧಿ.

ಬಯಲಿಗೆ ಹೊರಡುವವನಿಗೆ ಎಚ್ಚರವೂ ಬೇಕು. ಉಪಕರಣದ ಬಾಣವು ಗುರಿಯ ಕಡೆಗೆ ನೇರವಾಗಿ ಬೆರಳುಮಾಡುತ್ತದೆ. ನಡುವೆ ಹಳ್ಳವಿದೆಯೋ ಕಡಿಬಂಡೆಯಿದೆಯೋ ಅದಕ್ಕೆ ತಿಳಿಯದು. ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆಗಳುಳ್ಳ ನಕ್ಷೆಯನ್ನು ಓದಬಲ್ಲವನು ಮಾತ್ರ, ಗೆರೆಗಳು ಒತ್ತಾಗಿರುವೆಡೆ ಇಳಿಜಾರು ಕಡಿದಾಗಿದೆಯೆಂದು ಅರಿತು ಸುತ್ತುದಾರಿಯನ್ನು ಹಿಡಿಯುತ್ತಾನೆ. ಉಪಗ್ರಹದ ಸಂಕೇತಕ್ಕೆ ದೂರವಾಣಿಯ ಜಾಲ ಬೇಕಿಲ್ಲ. ಆದರೆ ನಕ್ಷೆಯನ್ನು ಮೊದಲೇ ಉಪಕರಣದಲ್ಲಿ ತುಂಬಿಕೊಂಡಿರಬೇಕು. ಹೊರಟ ಸ್ಥಳವನ್ನು ಅದರಲ್ಲಿ ಗುರುತುಹಾಕಿಕೊಳ್ಳಬೇಕು. ಕಾಗದದ ನಕ್ಷೆ, ದಿಕ್ಸೂಚಿ, ನೀರು ಜೊತೆಯಲ್ಲಿರಬೇಕು. ಹೋಗುವ ಎಡೆಯನ್ನು ಮನೆಯವರಿಗೆ ತಿಳಿಸಿರಬೇಕು. ಬ್ಯಾಟರಿ ಮುಗಿದ ಮೇಲೆ ಎಂಥ ಉಪಕರಣವೂ ಒಂದು ಕಲ್ಲಿಗೆ ಸಮಾನ. ನಮ್ಮ ಸರ್ವೇಕ್ಷಣ ಇಲಾಖೆಯ ಹಳೆಯ ನಕ್ಷೆಗಳನ್ನು ಬಳಸುವವರು ಇನ್ನೊಂದು ಸಂಗತಿಯನ್ನೂ ಅರಿತಿರಬೇಕು. ಅವುಗಳಿಗೆ ಆಧಾರವಾದ ಭೂಮಿಯ ಆಕಾರದ ಲೆಕ್ಕವು ೧೮೩೦ರಲ್ಲಿ ಜಾರ್ಜ್ ಎವರೆಸ್ಟ್ ನಿರ್ಣಯಿಸಿದುದು, ಜಿ.ಪಿ.ಎಸ್. ಬಳಸುವ ಲೆಕ್ಕವು ಬೇರೆ. ಇವೆರಡನ್ನು ಹೊಂದಿಸಿಕೊಳ್ಳದಿದ್ದರೆ ಗುರುತು ನೂರಕ್ಕೂ ಹೆಚ್ಚು ಮೀಟರ್ ಆಚೆಗೆ ಬೀಳಬಹುದು.

ಯಂತ್ರವನ್ನು ಕುರುಡಾಗಿ ನಂಬುವುದು ಪ್ರಾಣಾಂತಿಕವೂ ಆಗಬಹುದು. ೨೦೦೯ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಡೆತ್ ವ್ಯಾಲಿ ಎಂಬ ಮರುಭೂಮಿಯಲ್ಲಿ ಒಬ್ಬ ತಾಯಿ ತನ್ನ ಮಗನೊಡನೆ ಜಿ.ಪಿ.ಎಸ್. ತೋರಿದ ದಾರಿಯಲ್ಲಿ ಕಾರಿನಲ್ಲಿ ಹೋದಳು. ಜನಸಂಚಾರವಿಲ್ಲದ ಎಡೆಯಲ್ಲಿ ಗಾಡಿಯು ಮರಳಿನಲ್ಲಿ ಹೂತಿತು. ಕೆಲವು ದಿನಗಳ ಮೇಲೆ ಅಲ್ಲಿನ ರಕ್ಷಕರೊಬ್ಬರು ಅವರನ್ನು ಕಂಡಾಗ ತಾಯಿ ಬದುಕಿದ್ದಳು. ಮಗನು ಬಿಸಿಲಿನ ಝಳದಲ್ಲಿ ಮೃತನಾಗಿದ್ದನು. ಸುತ್ತಣ ನೆಲವನ್ನು ನೋಡಿ ವಿವೇಚಿಸುವ ಕೆಲಸವನ್ನು ಯಾವ ಉಪಗ್ರಹವೂ ನಮ್ಮ ಪರವಾಗಿ ಮಾಡದು.

ಈ ವ್ಯವಸ್ಥೆಯು ಈಗ ಒಂದೇ ದೇಶದ ಸೊತ್ತಾಗಿ ಉಳಿದಿಲ್ಲ. ರಷ್ಯ, ಯೂರೋಪು, ಚೀನ ತಮ್ಮ ತಮ್ಮ ಉಪಗ್ರಹಮಾಲೆಗಳನ್ನು ರಚಿಸಿಕೊಂಡಿವೆ. ಭಾರತವು 'ನಾವಿಕ್' ಎಂಬ ಪ್ರಾದೇಶಿಕ ವ್ಯವಸ್ಥೆಯನ್ನು ರೂಪಿಸಿ, ೨೦೧೩ರ ಜುಲೈ ೧ರಂದು ಅದರ ಮೊದಲ ಉಪಗ್ರಹವನ್ನು ಹಾರಿಸಿತು. ಇದಕ್ಕಾಗಿ ಅದೇ ವರ್ಷ ಇಸ್ರೋ ಸಂಸ್ಥೆಯು ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದಲ್ಲಿ ಒಂದು ಕೇಂದ್ರವನ್ನು ತೆರೆಯಿತು.

ಇಷ್ಟೆಲ್ಲ ವಿಜ್ಞಾನದ ಬೆಂಬಲವಿದ್ದರೂ ಜಿಯೋಕ್ಯಾಷಿಂಗ್ ನಿಂತಿರುವುದು ವಿಜ್ಞಾನದ ಬಲದಿಂದ ಮಾತ್ರವಲ್ಲ. ಪೆಟ್ಟಿಗೆಗೆ ಕಾವಲುಗಾರನಿಲ್ಲ. ಅದನ್ನು ಕಂಡವನು ಎಲ್ಲವನ್ನೂ ಕೊಂಡೊಯ್ದರೆ ತಡೆಯುವವರಿಲ್ಲ. ಆದರೂ ಬಹುಮಂದಿ ಹಾಗೆ ಮಾಡುವುದಿಲ್ಲ. ಒಳಗಿನ ಪುಸ್ತಕದಲ್ಲಿ ಹೆಸರನ್ನೂ ದಿನಾಂಕವನ್ನೂ ಬರೆದು, ತೆಗೆದುಕೊಂಡುದಕ್ಕೆ ಸಮನಾದ ವಸ್ತುವನ್ನು ಇಟ್ಟು, ಪೆಟ್ಟಿಗೆಯನ್ನು ಮೊದಲಿದ್ದಂತೆಯೇ ಮರೆಮಾಡಿ ಹಿಂದಿರುಗುತ್ತಾರೆ. ಮೊದಲ ಬಕೆಟ್ ಅರ್ಧ ಹೂತಿತ್ತು. ಈಗ ಪೆಟ್ಟಿಗೆಯನ್ನು ಹೂಳುವುದಕ್ಕಾಗಿ ನೆಲವನ್ನು ಅಗೆಯಬಾರದೆಂಬುದು ನಿಯಮ. ಒಳಗೆ ತಿನಿಸನ್ನು ಇಡಬಾರದು. ವಾಸನೆಗೆ ಕಾಡುಪ್ರಾಣಿಗಳು ಬಂದಾವು. ನೆಲದ ಒಡೆಯರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಇಡಬಾರದು. ಹಿಂದಿರುಗುವಾಗ ದಾರಿಯಲ್ಲಿ ಬಿದ್ದ ಕಸವನ್ನು ಹೆಕ್ಕಿ ತರುವ ಪದ್ಧತಿಯೂ ಹವ್ಯಾಸಿಗಳಲ್ಲಿ ೨೦೦೨ರಿಂದ ಬೆಳೆದುಬಂದಿದೆ.

ನಿಕ್ಷೇಪವೆಂಬ ಮಾತಿನ ಎರಡನೆಯ ಅರ್ಥವು ಇಲ್ಲಿ ಸಾರ್ಥಕವಾಗಿದೆ. ಮುಖವನ್ನೇ ನೋಡದ ಒಬ್ಬನು ಇನ್ನೊಬ್ಬನ ಪ್ರಾಮಾಣಿಕತೆಯನ್ನು ನಂಬಿ ಬಯಲಿನಲ್ಲಿ ಒಪ್ಪಿಸಿ ಹೋದ ವಸ್ತು ಅದು. ನಿಧಿಗಳ್ಳನು ನೆಲವನ್ನು ಅಗೆದು ಹಿಂದಿನವರ ನಂಬಿಕೆಗೆ ದ್ರೋಹ ಬಗೆಯುತ್ತಾನೆ. ಈ ಹವ್ಯಾಸಿಯು ಮುಂದೆ ಬರುವವನಿಗಾಗಿ ನಂಬಿಕೆಯನ್ನು ಕಾದಿರಿಸುತ್ತಾನೆ. ಉಪಗ್ರಹವು ತಲುಪಿಸುವುದು ಪೆಟ್ಟಿಗೆಯ ಬಳಿಗೆ ಮಾತ್ರ. ಅದನ್ನು ತೆರೆದ ಕೈ ಹೇಗೆ ನಡೆದುಕೊಳ್ಳಬೇಕೆಂಬುದನ್ನು ತೋರಿಸುವ ದಿಕ್ಸೂಚಿಯು ನಮ್ಮೊಳಗೇ ಇರಬೇಕು.

ಪದಗಳ ಅರ್ಥ

ಅರಸು – ಹುಡುಕು. ದುರ್ಗಮ – ತಲುಪಲು ಕಷ್ಟವಾದ. ಕಸುವು – ಶಕ್ತಿ. ಪೊಟರೆ – ಮರದಲ್ಲಿನ ಟೊಳ್ಳು. ಝಳ – ಬಿಸಿಲಿನ ಬೇಗೆ. ಸೊತ್ತು – ಆಸ್ತಿ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
೧. 'ನಿಕ್ಷೇಪ' ಎಂಬ ಮಾತಿಗೆ ಇರುವ ಎರಡು ಅರ್ಥಗಳಾವುವು?
೨. ಡೇವ್ ಉಲ್ಮರ್ ವಿಧಿಸಿದ ನಿಯಮವೇನು?
೩. ನಾಲ್ಕನೆಯ ಉಪಗ್ರಹದ ನೆರವು ಏಕೆ ಬೇಕಾಗುತ್ತದೆ?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
೧. ೨೦೦೦ನೆಯ ಇಸವಿಯ ಸರ್ಕಾರಿ ಆಜ್ಞೆಯು ಈ ಹವ್ಯಾಸದ ಹುಟ್ಟಿಗೆ ಹೇಗೆ ಕಾರಣವಾಯಿತು?
೨. ಬಯಲಿಗೆ ಹೊರಡುವವನು ವಹಿಸಬೇಕಾದ ಎಚ್ಚರಿಕೆಗಳನ್ನು ತಿಳಿಸಿರಿ.
೩. ನಿಧಿಗಳ್ಳನಿಗೂ ಜಿಯೋಕ್ಯಾಷಿಂಗ್ ಹವ್ಯಾಸಿಗೂ ಇರುವ ವ್ಯತ್ಯಾಸವನ್ನು ವಿವರಿಸಿರಿ.

ಇ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಊರಾಚೆ, ಪ್ರಾಣಾಂತಿಕ, ವಾಡಿಕೆಯಿತ್ತು.

ಈ) ಮಾಡಿ ನೋಡಿರಿ.
ನಿಮ್ಮ ಶಾಲೆಯ ಅಕ್ಷಾಂಶ ರೇಖಾಂಶಗಳನ್ನು ಭೂಪಟದ ನೆರವಿನಿಂದ ಕಂಡುಹಿಡಿದು, ಶಾಲೆಯ ಸುತ್ತಣ ಅರ್ಧ ಕಿಲೋಮೀಟರಿನ ಒಂದು ನಕ್ಷೆಯನ್ನು ಬರೆಯಿರಿ.