ರೈಲು ಅಂಗಳದ ಕೈ ಕ್ರೇನು

ನಾಲ್ವರು ಗಟ್ಟಿಗರು ಕೂಡಿದರೂ ನಾಲ್ಕು ಟನ್ನಿನ ಕಲ್ಲನ್ನು ಬರಿಗೈಯಿಂದ ಎತ್ತಲಾರರು. ಆದರೆ ಅಂಥ ನಾಲ್ವರೇ, ಉಗಿಯಾಗಲಿ ವಿದ್ಯುತ್ತಾಗಲಿ ಇಲ್ಲದೆ, ಅಂಥ ಹೊರೆಯನ್ನು ವ್ಯಾಗನ್ನಿನಿಂದ ಎತ್ತಿ ನೆಲಕ್ಕಿಳಿಸುತ್ತಿದ್ದ ಕಾಲವೊಂದಿತ್ತು. ಅವರಿಗೆ ಒದಗುತ್ತಿದ್ದುದು ಕೈ ಕ್ರೇನು. ಅದು ಹೇಗೆ ದುಡಿಯುತ್ತಿತ್ತು, ದುಡಿಸುವವನು ಯಾವುದಕ್ಕೆ ಎಚ್ಚರದಿಂದಿರಬೇಕಿತ್ತು ಎಂಬುದನ್ನು ನೋಡೋಣ.

19ನೆಯ ಶತಮಾನದ ಬ್ರಿಟನ್ನಿನಲ್ಲಿ ಸಣ್ಣ ನಿಲ್ದಾಣಗಳ ಗೂಡ್ಸ್ ಅಂಗಳಗಳಲ್ಲಿಯೂ ಇಂಥ ಕ್ರೇನುಗಳಿದ್ದುವು. ಕಾರ್ಲೈಲ್ ನಗರದ ಕೋವನ್ಸ್ ಶೆಲ್ಡನ್ ಕಂಪನಿ ಇವುಗಳ ತಯಾರಿಕೆಯಲ್ಲಿ ಹೆಸರಾಗಿತ್ತು. ನೆಲದಲ್ಲಿ ನೆಟ್ಟ ಕ್ರೇನು ದಿಮ್ಮಿ, ಕಲ್ಲು, ಯಂತ್ರಗಳನ್ನು ಇಳಿಸುತ್ತಿತ್ತು. ಗಾಲಿಗಳ ಮೇಲಿನದು ಹಳಿಗುಂಟ ಸಾಗಿ ಸೇತುವೆಯ ತೊಲೆಗಳನ್ನೂ ಹಳಿ ತಪ್ಪಿದ ವ್ಯಾಗನ್ನುಗಳನ್ನೂ ಎತ್ತುತ್ತಿತ್ತು.

ಬಲದ ಲೆಕ್ಕ

ಹಿಡಿಕೆಯ ಉದ್ದ 40 ಸೆಂಟಿಮೀಟರ್, ಸರಪಳಿ ಸುತ್ತುವ ಉರುಳೆಯ ತ್ರಿಜ್ಯ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಇಲ್ಲಿಯೇ ಬಲ 4 ಪಾಲಾಯಿತು. ನಡುವೆ ಎರಡು ಜೊತೆ ಹಲ್ಲುಗಾಲಿಗಳಿವೆ. ಮೊದಲ ಜೊತೆಯಲ್ಲಿ 12 ಹಲ್ಲಿನ ಗಾಲಿ 72 ಹಲ್ಲಿನದನ್ನು ತಿರುಗಿಸಿದರೆ 6 ಪಾಲು. ಎರಡನೆಯದರಲ್ಲಿ 12 ಹಲ್ಲಿನದು 60 ಹಲ್ಲಿನದನ್ನು ತಿರುಗಿಸಿದರೆ 5 ಪಾಲು. ಮೂರನ್ನೂ ಗುಣಿಸಿದರೆ 120. ನಾಲ್ವರು ತಲಾ 15 ಕಿಲೋ ಬಲ ಹಾಕಿದರೆ 60 ಕಿಲೋ. ಅದು 7,200 ಆಗುವುದು. ತಿಕ್ಕಾಟದಲ್ಲಿ ಮೂರರಲ್ಲೊಂದು ಪಾಲು ಕಳೆದರೂ 4,800 ಕಿಲೋ ಉಳಿಯಿತು.

ಆದರೆ ಯಂತ್ರವು ಯಾರಿಗೂ ಪುಕ್ಕಟೆ ಕೊಡುವುದಿಲ್ಲ. ಹೊರೆ 1 ಮೀಟರ್ ಏರಬೇಕಾದರೆ ಹಿಡಿಕೆ 120 ಮೀಟರ್ ದೂರ ತಿರುಗಬೇಕು. ಎಂದರೆ ಸುಮಾರು 48 ಸುತ್ತು. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಬೇಕು. ಆದುದರಿಂದಲೇ ಹಗುರ ಹೊರೆಗೆ ಒಂದು ಜೊತೆ ಗಾಲಿಯನ್ನು ಬಿಡಿಸಿ ಬೇಗ ಎತ್ತುವ ಏರ್ಪಾಡು ಹಲವು ಕ್ರೇನುಗಳಲ್ಲಿತ್ತು.

ತೋಳಿನ ಲೆಕ್ಕ

ಎತ್ತುವ ಬಲವಿದ್ದರೆ ಸಾಲದು, ಕ್ರೇನು ಮಗುಚದೆ ನಿಲ್ಲಬೇಕು. 3 ಮೀಟರ್ ದೂರದಲ್ಲಿ 4 ಟನ್ನು ತಡೆಯುವ ಕ್ರೇನು, ಹೊರೆಯನ್ನು 6 ಮೀಟರ್ ದೂರಕ್ಕೆ ಚಾಚಿದಾಗ ಹೆಚ್ಚೆಂದರೆ 2 ಟನ್ನು ತಡೆಯುವುದು. ತೋಳಿನ ಸ್ವಂತ ತೂಕವೂ ಸೇರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ. ಅದಕ್ಕಾಗಿ ಹಿಂಬದಿಯಲ್ಲಿ ಎದುರು ತೂಕ ಇಡುತ್ತಿದ್ದರು. ಗಾಲಿಯ ಕ್ರೇನನ್ನು ಹಳಿಗೆ ಬಿಗಿದು, ಅಡ್ಡ ತೊಲೆಗಳನ್ನು ಹೊರಚಾಚಿ ಊರೆ ಕೊಡುತ್ತಿದ್ದರು.

ಇಳಿಸುವಾಗಿನ ಎಚ್ಚರ

ಹೊರೆ ಏರುವಾಗ ಕಬ್ಬಿಣದ ನಾಲಗೆಯೊಂದು ಹಲ್ಲಿನಿಂದ ಹಲ್ಲಿಗೆ ಬಿದ್ದು ಟಕ್ ಟಕ್ ಎನ್ನುತ್ತಿತ್ತು. ಕೈ ಸೋತರೂ ಗಾಲಿ ಹಿಂದಿರುಗದಂತೆ ತಡೆಯುವುದು ಅದೇ. ನಿಜವಾದ ಅಪಾಯವಿದ್ದುದು ಇಳಿಸುವಾಗ. ಆಗ ನಾಲಗೆಯನ್ನು ಮೇಲೆತ್ತಿ ಬ್ರೇಕಿನ ಮೇಲೆಯೇ ಹೊರೆಯನ್ನು ಬಿಡಬೇಕು. ಹಿಡಿಕೆಗಳನ್ನು ಮೊದಲೇ ಕಳಚಬೇಕು, ಇಲ್ಲವೆ ಗಾಲಿಯಿಂದ ಬಿಡಿಸಬೇಕು. ಮರೆತರೆ ಹೊರೆಯ ತೂಕಕ್ಕೆ ಹಿಡಿಕೆ ಗಿರ್ರನೆ ತಿರುಗಿ ಎದುರು ನಿಂತವನ ಕೈಯನ್ನೋ ತಲೆಯನ್ನೋ ಒಡೆಯುವುದು. ನಾಲ್ವರನ್ನು 120 ಪಾಲು ಬಲಶಾಲಿಗಳನ್ನಾಗಿ ಮಾಡಿದ ಗಾಲಿಗಳೇ ಆಗ ಅವರ ಮೇಲೆ ತಿರುಗಿಬೀಳುವುವು.

ಉಗಿಯ ಕ್ರೇನು ಬಂದ ಮೇಲೂ ಇದು ಬಹುಕಾಲ ಉಳಿಯಿತು. ಉಗಿ ಕಾಯಿಸಲು ಹೊತ್ತು ಬೇಕು, ಕಲ್ಲಿದ್ದಲು ಬೇಕು. ವಾರಕ್ಕೆರಡು ಹೊರೆ ಬರುವ ಊರಿಗೆ ಅದೇಕೆ? ಆದರೆ ಸರಕು ಲಾರಿಯ ಪಾಲಾಗುತ್ತಿತ್ತು. 1963ರ ಬೀಚಿಂಗ್ ವರದಿಯ ತರುವಾಯ ಬ್ರಿಟನ್ನಿನ ಸಣ್ಣ ಗೂಡ್ಸ್ ಅಂಗಳಗಳು ಒಂದೊಂದಾಗಿ ಮುಚ್ಚಿದುವು. ಅವುಗಳೊಂದಿಗೆ ಕೈ ಕ್ರೇನಿನ ದುಡಿಮೆಯೂ ಮುಗಿಯಿತು.

ಅದರ ಪಾಠ ಮಾತ್ರ ಹಳತಾಗಿಲ್ಲ. ಗೋದಾಮಿನಲ್ಲೋ ಕಾರ್ಖಾನೆಯಲ್ಲೋ ಸರಪಳಿ ರಾಟೆ ಎಳೆಯುವ ನಮ್ಮವರಿಗೂ ಇದೇ ಲೆಕ್ಕ ಅನ್ವಯಿಸುವುದು. ಹೊರೆ ಏರುವಾಗ ಬಲವನ್ನು ನೋಡಿಕೊಳ್ಳೋಣ. ಇಳಿಯುವಾಗ ನಮ್ಮನ್ನು ನಾವು ನೋಡಿಕೊಳ್ಳೋಣ. ಎತ್ತಿದ ಹೊರೆಯ ಕೆಳಗೆ ಎಂದಿಗೂ ನಿಲ್ಲಬಾರದು.

ಅಭ್ಯಾಸ: 6 ಮೀಟರ್ ದೂರದಲ್ಲಿ 2 ಟನ್ನು ತಡೆಯುವ ಕ್ರೇನು 4 ಮೀಟರ್ ದೂರದಲ್ಲಿ ಎಷ್ಟು ತಡೆದೀತು? ತೋಳಿನ ತೂಕವನ್ನು ಬಿಟ್ಟು ಲೆಕ್ಕ ಹಾಕಿರಿ. (ಉತ್ತರ: 3 ಟನ್ನು.)